ಹಳೆಯ ಕಾರಿನ ಹೆಡ್‌ಲೈಟ್ ಮಂಕಾಗುತ್ತಿದೆಯಾ? ಬ್ಯಾಟರಿ ಬದಲಿಸುವ ಮೊದಲು ಅರ್ಥಿಂಗ್ ನೋಡಿ

ಹೆಡ್‌ಲೈಟ್ ಮಂಕಾಯಿತು ಅಂದ ಕೂಡಲೇ ಬಹಳ ಜನ ಹೊಸ ಬ್ಯಾಟರಿ ಹಾಕಿಸುತ್ತಾರೆ. ಸರಿಹೋಗದಿದ್ದರೆ ಡೈನಮೋ ಬಿಚ್ಚಿಸುತ್ತಾರೆ. ಅದೂ ಆದ ಮೇಲೆ ದೊಡ್ಡ ವ್ಯಾಟಿನ ಬಲ್ಬು. ಸಾವಿರಾರು ರೂಪಾಯಿ ಕೈಬಿಟ್ಟು ಹೋಗುತ್ತದೆ, ಲೈಟು ಮಾತ್ರ ಹಾಗೇ ಇರುತ್ತದೆ. ಹಳೆಯ ಗಾಡಿಗಳಲ್ಲಿ ಈ ತೊಂದರೆಯ ಮೂಲ ಹೆಚ್ಚಿನ ಸಲ ತುಕ್ಕು ಹಿಡಿದ ಬೋಲ್ಟು, ಸಡಿಲವಾದ ಲಗ್ಗು (ವೈರಿನ ತುದಿಯ ಲೋಹದ ಬಳೆ) ಅಥವಾ ಬಿಸಿಗೆ ಕರಗಿದ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕನೆಕ್ಟರ್). ಅದನ್ನು ಹುಡುಕಲು ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು.

ನನ್ನದು 1998ರ ಮಾರುತಿ 800, ಕಾರ್ಬೊರೇಟರ್ ಗಾಡಿ. ಇರುವುದು ತೀರ್ಥಹಳ್ಳಿ ಕಡೆ. ನಮ್ಮಲ್ಲಿ ಮಳೆಗಾಲ ಅಂದರೆ ತಿಂಗಳುಗಟ್ಟಲೆ ಎಲ್ಲವೂ ಒದ್ದೆ. ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಇಲಿಗಳ ಕಾಟ ಬೇರೆ. ಉಡುಪಿಗೆ ಹೋಗಬೇಕಾದರೆ ಆಗುಂಬೆ ಘಾಟಿಯ 14 ತಿರುವು ಇಳಿಯಬೇಕು. ಮಂಜು ಕವಿದ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಲೈಟು ಕುಗ್ಗಿದರೆ ಜೀವ ಬಾಯಿಗೆ ಬರುತ್ತದೆ. ಹಾಗಾಗಿ ಇದನ್ನು ನಾನು ಸಣ್ಣ ರಿಪೇರಿ ಅಂತ ಯಾವತ್ತೂ ನೋಡಿಲ್ಲ.

ಬಂದು ಹೋಗುವ ತೊಂದರೆಯನ್ನು ಹಿಡಿಯುವ ಕೆಲಸ ಗ್ಯಾರೇಜಿನಲ್ಲಿ ಶುರುವಾಗುವುದಿಲ್ಲ, ಓಡಿಸುವಾಗಲೇ ಶುರುವಾಗುತ್ತದೆ. ಯಾವಾಗ ಆಗುತ್ತದೆ ಅಂತ ಬರೆದಿಡಿ. ಐಡ್ಲಿಂಗ್‌ನಲ್ಲಿ ಮಂಕು, ಆಕ್ಸಿಲರೇಟರ್ ಒತ್ತಿದರೆ ಪ್ರಕಾಶ ಅಂದರೆ ಚಾರ್ಜಿಂಗ್ ಕಡೆ ಅನುಮಾನ. ಗುಂಡಿಗೆ ಬಿದ್ದಾಗ ಮಿನುಗಿದರೆ ಎಲ್ಲೋ ಸಡಿಲ. ಒಂದೇ ಕಡೆಯ ಲೈಟು ಮಂಕಾದರೆ ಆ ಬಲ್ಬಿನ ಹೋಲ್ಡರ್ ಅಥವಾ ವೈರು. ಇಂಡಿಕೇಟರ್ ಹಾಕಿದಾಗ ಪಾರ್ಕ್ ಲೈಟೂ ಅದರ ತಾಳಕ್ಕೆ ಮಿಣುಕಿದರೆ ಅರ್ಥಿಂಗ್, ಅಂದರೆ ಕರೆಂಟ್ ಬಾಡಿ ಮೂಲಕ ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗುವ ದಾರಿ, ಹೋಗಿದೆ ಅಂತ ಸುಮಾರಾಗಿ ಖಚಿತ. ಅರ್ಧ ಗಂಟೆ ಓಡಿದ ಮೇಲೆ ಮಾತ್ರ ಲೈಟು ಆರಿ, ತಣ್ಣಗಾದ ಮೇಲೆ ಮತ್ತೆ ಬಂದರೆ ಡಿಪ್ಪರ್ ಸ್ವಿಚ್ಚಿನ ಒಳಗೆ ಸುಟ್ಟ ಪಾಯಿಂಟ್ ಇರಬಹುದು.

ಇನ್ನು ಬ್ಯಾಟರಿ. ರಾತ್ರಿ ಪೂರ್ತಿ ನಿಂತ ಗಾಡಿಯಲ್ಲಿ ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ನೋಡಿ. 12.6 ಇದ್ದರೆ ಪೂರ್ತಿ ಚಾರ್ಜ್ ಇದೆ. 12.4 ಇದ್ದರೆ ನಡೆಯುತ್ತದೆ. 12ರ ಹತ್ತಿರ ಇದ್ದರೆ ಮೊದಲು ಹೊರಗೆ ಚಾರ್ಜ್ ಮಾಡಿಸಿ, ಆಮೇಲೆ ಮುಂದಿನ ಪರೀಕ್ಷೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು.

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆಯಿರಿ. ನೀರು ಬ್ಯಾಟರಿ ಮುಚ್ಚಳದ ಒಳಗೆ ಹೋಗದ ಹಾಗೆ ನೋಡಿಕೊಳ್ಳಿ. ಒಣಗಿದ ಮೇಲೆ ಕಂಬವನ್ನೂ ಕ್ಲ್ಯಾಂಪಿನ ಒಳಭಾಗವನ್ನೂ ಎಮರಿ ಪೇಪರಿನಲ್ಲಿ ಹೊಳೆಯುವ ತನಕ ಉಜ್ಜಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಮೈನಸ್ ಜೋಡಿಸಿರುವಾಗ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ, ಬ್ಯಾಟರಿ ಸಿಡಿಯಲೂಬಹುದು. ಬಿಗಿ ಮಾಡಿದ ಮೇಲೆ ಹೊರಗಿನಿಂದ ಸ್ವಲ್ಪ ವ್ಯಾಸಲೀನ್ ಸವರಿ.

ಈಗ ಇಂಜಿನ್ ಶುರು ಮಾಡಿ. ಬ್ಯಾಟರಿ ಮೇಲೆ 13.8ರಿಂದ 14.5 ವೋಲ್ಟ್ ಬರಬೇಕು. ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲ ಹಾಕಿ ಇಂಜಿನ್ ಸ್ವಲ್ಪ ಏರಿಸಿದಾಗಲೂ 13ಕ್ಕಿಂತ ಮೇಲೆಯೇ ನಿಲ್ಲಬೇಕು. ನಿಲ್ಲದಿದ್ದರೆ ಮೊದಲು ಫ್ಯಾನ್ ಬೆಲ್ಟ್ ಒತ್ತಿ ನೋಡಿ. ಆಮೇಲೆ ಆಲ್ಟರ್ನೇಟರ್‌ನ (ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ, ಇದನ್ನೇ ಬಹಳ ಜನ ಡೈನಮೋ ಅನ್ನುವುದು) ಕಾರ್ಬನ್ ಬ್ರಷ್. ಸವೆದ ಬ್ರಷ್ ಕೂಡ ಒಮ್ಮೆ ಚಾರ್ಜ್ ಕೊಟ್ಟು ಒಮ್ಮೆ ಕೈಕೊಡುತ್ತದೆ. ಅದಕ್ಕೋಸ್ಕರ ಪೂರ್ತಿ ಆಲ್ಟರ್ನೇಟರ್ ಬದಲಿಸಬೇಕಿಲ್ಲ. 15 ವೋಲ್ಟ್ ದಾಟಿದರೆ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಹೋಗಿದೆ. ಬಲ್ಬು ಪದೇ ಪದೇ ಹಾರುವುದಕ್ಕೂ ಅದೇ ಕಾರಣ ಇರಬಹುದು. ಹಳೆಯ ಅಂಬಾಸಿಡರ್, ಪದ್ಮಿನಿಗಳಲ್ಲಿ ಆಲ್ಟರ್ನೇಟರ್ ಬದಲು ನಿಜವಾದ ಡೈನಮೋ ಇದ್ದರೆ ಐಡ್ಲಿಂಗ್‌ನಲ್ಲಿ ಲೈಟು ಕುಗ್ಗುವುದು ಅದರ ಗುಣ, ರೋಗ ಅಲ್ಲ.

ಒಂದು ಮಾತು ಒತ್ತಿ ಹೇಳುತ್ತೇನೆ. ಇಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಕಿತ್ತು ಚಾರ್ಜಿಂಗ್ ನೋಡುವ ಅಭ್ಯಾಸ ಇವತ್ತಿಗೂ ಇದೆ. ಯಾರಿಗೂ ಹಾಗೆ ಮಾಡಲು ಬಿಡಬೇಡಿ. ಬ್ಯಾಟರಿ ಇಲ್ಲದೆ ಆಲ್ಟರ್ನೇಟರ್ ವೋಲ್ಟೇಜ್ ಒಮ್ಮೆಲೇ ಎಗರುತ್ತದೆ. ಡಯೋಡ್, ರೆಗ್ಯುಲೇಟರ್, ಇಂಜೆಕ್ಷನ್ ಗಾಡಿಯಾದರೆ ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಸಹ ಸುಟ್ಟುಹೋಗಬಹುದು.

ಬ್ಯಾಟರಿ, ಚಾರ್ಜಿಂಗ್ ಎರಡೂ ಸರಿ ಇದ್ದೂ ಲೈಟು ಮಂಕಾದರೆ ಅಸಲಿ ಹುಡುಕಾಟ ಇಲ್ಲಿಂದ. ಬಲ್ಬಿನ ಕಪ್ಲರ್ ಬಿಚ್ಚಿ ಮೀಟರ್ ಇಟ್ಟರೆ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಅದನ್ನು ನಂಬಬೇಡಿ. ಕರೆಂಟ್ ಹರಿಯದಿದ್ದಾಗ ಒಂದೇ ಎಳೆಯಲ್ಲಿ ನಿಂತಿರುವ ವೈರು ಕೂಡ ಪೂರ್ತಿ ವೋಲ್ಟ್ ತೋರಿಸುತ್ತದೆ. ಬಲ್ಬು ಉರಿಯುತ್ತಿರುವಾಗಲೇ, ಕಪ್ಲರ್‌ನ ಹಿಂದಿನಿಂದ ಪ್ರೋಬ್ ತೂರಿಸಿ, ಉರಿಯುತ್ತಿರುವ ಫಿಲಮೆಂಟಿನ ಎರಡು ಪಿನ್ನುಗಳ ನಡುವೆ ಅಳೆಯಿರಿ. ಅದೇ ಹೊತ್ತಿನಲ್ಲಿ ಬ್ಯಾಟರಿ ಮೇಲೆ ಎಷ್ಟಿದೆ ನೋಡಿ. ಎರಡರ ನಡುವಿನ ವ್ಯತ್ಯಾಸವೇ ದಾರಿಯಲ್ಲಿ ಸೋರಿದ್ದು. ಅರ್ಧ ವೋಲ್ಟ್ ಒಳಗಿದ್ದರೆ ಚಿಂತೆ ಇಲ್ಲ. ಒಂದು, ಒಂದೂವರೆ ಹೋಗುತ್ತಿದ್ದರೆ ಬಿಡಬೇಡಿ. ಫಿಲಮೆಂಟ್ ಬಲ್ಬಿಗೆ ಶೇಕಡಾ 10ರಷ್ಟು ವೋಲ್ಟ್ ಕಡಿಮೆಯಾದರೆ ಬೆಳಕು ಸುಮಾರು ಶೇಕಡಾ 30ರಷ್ಟು ಹೋಗುತ್ತದೆ.

ಸೋರುತ್ತಿರುವುದು ಎಲ್ಲಿ? ಲೈಟು ಉರಿಯುತ್ತಿರಲಿ. ಮೀಟರಿನ ಒಂದು ಪ್ರೋಬನ್ನು ಬ್ಯಾಟರಿಯ ಮೈನಸ್ ಕಂಬದ ಮೇಲೆ ಇಡಿ. ಕ್ಲ್ಯಾಂಪಿನ ಮೇಲಲ್ಲ, ಸೀಸದ ಕಂಬದ ಮೇಲೆಯೇ. ಇನ್ನೊಂದನ್ನು ಬಣ್ಣವಿಲ್ಲದ ಕಡೆ ಬಾಡಿಗೆ, ಆಮೇಲೆ ಇಂಜಿನ್ ಬ್ಲಾಕಿಗೆ ಮುಟ್ಟಿಸಿ. 0.2 ವೋಲ್ಟ್ ದಾಟಬಾರದು. ನನ್ನ ಗಾಡಿಯಲ್ಲಿ ಬಾಡಿಗೆ ಇಟ್ಟಾಗ 0.9 ತೋರಿಸಿತು. ಬ್ಯಾಟರಿ ಟ್ರೇ ಕೆಳಗೆ ಅರ್ಥಿಂಗ್ ವೈರ್ ಬಾಡಿಗೆ ಸೇರುವ ಜಾಗ, ನೋಡಲು ಬಿಗಿಯಾಗಿಯೇ ಇತ್ತು. ಬೋಲ್ಟ್ ಬಿಚ್ಚಿದರೆ ಲಗ್ಗಿನ ಅಡಿ ಪೂರ್ತಿ ತುಕ್ಕಿನ ಪುಡಿ. ಇಷ್ಟು ವರ್ಷದ ಮಳೆ, ಬ್ಯಾಟರಿ ಆಸಿಡ್ ಸೇರಿ ಮಾಡಿದ ಕೆಲಸ. ಬಾಡಿಯನ್ನು ಬರಿ ಲೋಹ ಕಾಣುವ ತನಕ ಉಜ್ಜಿ, ಹೊಸ ತಾಮ್ರದ ಲಗ್ಗು ಪಂಚ್ ಮಾಡಿ, ನಕ್ಷತ್ರ ವಾಷರ್ ಹಾಕಿ ಬಿಗಿ ಮಾಡಿದೆ. ಮೀಟರ್ 0.05ಕ್ಕೆ ಇಳಿಯಿತು. ಬ್ರೇಕ್ ಒತ್ತಿದರೂ ಲೈಟು ಕದಲಲಿಲ್ಲ.

ಇಂಜಿನ್‌ನ ಅರ್ಥಿಂಗ್ ಪಟ್ಟಿ ತುಂಡಾಗಿದ್ದರೆ ಇನ್ನೊಂದು ಗುರುತು ಸಿಗುತ್ತದೆ. ಸೆಲ್ಫ್ ಹೊಡೆದ ಮೇಲೆ ಆಕ್ಸಿಲರೇಟರ್ ಅಥವಾ ಚೋಕ್ ಕೇಬಲ್ ಮುಟ್ಟಿ ನೋಡಿ. ಬಿಸಿ ಇದ್ದರೆ ಸೆಲ್ಫಿನ ಕರೆಂಟ್ ಆ ಕೇಬಲ್ ಹಿಡಿದು ವಾಪಸ್ ಬರುತ್ತಿದೆ ಅಂತ ಅರ್ಥ. ಬೇಗ ಸರಿ ಮಾಡಿಸಿ.

ಮೈನಸ್ ಕಡೆ ಚೆನ್ನಾಗಿದ್ದರೆ ಫ್ಯೂಸ್ ಬಾಕ್ಸ್, ಸ್ವಿಚ್ ಕಡೆ ಹೋಗಿ. ಹತ್ತು ನಿಮಿಷ ಲೈಟು ಉರಿಸಿ ಪ್ರತಿ ಕಪ್ಲರನ್ನೂ ಕೈಯಲ್ಲಿ ಮುಟ್ಟಿ. ಬಿಸಿ ಇರುವ ಕಡೆ ಸೋರಿಕೆ ಇದೆ. ಕಂದು ಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್ ಕಂಡರೆ ಅನುಮಾನವೇ ಬೇಡ. ಆಮೇಲೆ ಒಬ್ಬರು ಲೈಟು ನೋಡುತ್ತಿರಲಿ, ನೀವು ವೈರಿನ ಕಟ್ಟನ್ನು ಗೇಣು ಗೇಣಾಗಿ ಅಲುಗಾಡಿಸುತ್ತಾ ಹೋಗಿ. ಇಲಿ ಕಡಿದ ಜಾಗ ಟೇಪಿನ ಒಳಗೇ ಇರುತ್ತದೆ, ಹೊರಗೆ ಕಾಣುವುದಿಲ್ಲ. ಮಳೆಯಲ್ಲಿ ಮಾತ್ರ ಬರುವ ತೊಂದರೆಯಾದರೆ ಸ್ಪ್ರೇ ಬಾಟಲಿಯಲ್ಲಿ ಒಂದೊಂದೇ ಕಪ್ಲರಿಗೆ ನೀರು ಚಿಮುಕಿಸಿ ನೋಡಬಹುದು. ಫ್ಯೂಸ್ ಹಾರುತ್ತಿದ್ದರೆ ದೊಡ್ಡ ಆಂಪಿಯರ್ ಫ್ಯೂಸ್ ಹಾಕಬೇಡಿ. ಆಗ ಫ್ಯೂಸ್ ಬದಲು ವೈರು ಸುಡುತ್ತದೆ.

100/90 ವ್ಯಾಟ್ (ಮೊದಲ ಅಂಕಿ ಹೈ ಬೀಮ್, ಎರಡನೆಯದು ಡಿಪ್) ಬಲ್ಬಿನ ಆಸೆ ಬಿಟ್ಟುಬಿಡಿ. 60/55ರ ಎರಡು ಬಲ್ಬಿಗೆ ಡಿಪ್‌ನಲ್ಲಿ ಸುಮಾರು 9 ಆಂಪಿಯರ್ ಬೇಕು. 90 ವ್ಯಾಟಿನವಕ್ಕೆ 15. ಹಳೆಯ ಸ್ವಿಚ್ ಅದನ್ನು ತಡೆಯುವುದಿಲ್ಲ. ಅದರ ಬದಲು ರಿಲೇ ಕಿಟ್ ಹಾಕಿಸಿ. ಆಗ ಸ್ವಿಚ್ ರಿಲೇಗೆ ಸನ್ನೆ ಮಾತ್ರ ಕೊಡುತ್ತದೆ, ಬಲ್ಬಿನ ಕರೆಂಟ್ ದಪ್ಪ ವೈರಿನಲ್ಲಿ ಬ್ಯಾಟರಿಯಿಂದ ನೇರ ಬರುತ್ತದೆ. ಬ್ಯಾಟರಿ ಹತ್ತಿರವೇ ಫ್ಯೂಸ್ ಇರಲೇಬೇಕು. ಜಪಾನಿ ವಿನ್ಯಾಸದ ಕೆಲವು ಗಾಡಿಗಳಲ್ಲಿ ಸ್ವಿಚ್ ಇರುವುದು ಮೈನಸ್ ಕಡೆಯಲ್ಲಿ. ಅಂಥದ್ದಕ್ಕೆ ರಿಲೇ ಕಾಯಿಲಿನ (ಸನ್ನೆ ಪಡೆಯುವ ತಂತಿ ಸುರುಳಿ) ಎರಡೂ ತುದಿಯನ್ನು ಹಳೆಯ ಕಪ್ಲರಿಗೇ ಜೋಡಿಸಬೇಕು, ಬಾಡಿಗೆ ಅರ್ಥ್ ಕೊಟ್ಟರೆ ಕೆಲಸ ಮಾಡುವುದಿಲ್ಲ.

ಬಲ್ಬಿನಲ್ಲಿ 13 ವೋಲ್ಟ್ ಬರುತ್ತಿದ್ದೂ ರಸ್ತೆ ಕಾಣದಿದ್ದರೆ ದೋಷ ವೈರಿನದ್ದಲ್ಲ. ಹೆಡ್‌ಲೈಟಿನ ಒಳಗಿನ ಬೆಳ್ಳಿ ಲೇಪ ಕಪ್ಪಾಗಿರಬಹುದು, ಅಥವಾ ಬಲ್ಬು ಹೋಲ್ಡರಿನಲ್ಲಿ ಓರೆ ಕೂತಿರಬಹುದು.

ಎಲೆಕ್ಟ್ರಿಷಿಯನ್ ಹತ್ತಿರ ಹೋಗಲೇಬೇಕಾದರೆ “ಲೈಟು ಸರಿ ಇಲ್ಲ” ಅಂತ ಹೇಳಿ ಸುಮ್ಮನಾಗಬೇಡಿ. “ಚಾರ್ಜಿಂಗ್ 14.1 ಇದೆ, ಎಡಗಡೆ ಬಲ್ಬಿನಲ್ಲಿ 12.3 ಇದೆ, ಮೈನಸ್ ಕಡೆ 0.1 ಮಾತ್ರ” ಅಂತ ಹೇಳಿ. ಆಗ ಅವರು ಬ್ಯಾಟರಿ ಬಿಟ್ಟು ನೇರ ಪ್ಲಸ್ ಕಡೆಯ ವೈರಿಗೆ ಕೈ ಹಾಕುತ್ತಾರೆ.