ಪ್ಲಗ್ ಇನ್ ಹೈಬ್ರಿಡ್ ಕಾರ್ ತಗೊಳೋಕ್ ಮುಂಚೆ ಬೇಸ್‌ಮೆಂಟಿನ ಸಾಕೆಟ್ ನೋಡ್ಕೊಳಿ

"ಸಾರ್ ಇದು ಕರೆಂಟ್ ಗಾಡಿನಾ ಪೆಟ್ರೋಲ್ ಗಾಡಿನಾ" ಅಂತ ನಮ್ ಅಪಾರ್ಟ್‌ಮೆಂಟ್ ಸೆಕ್ಯೂರಿಟಿ ಮೊದಲನೇ ವಾರನೇ ಕೇಳಿದ್ರು. ಎರಡೂ ಅಂದೆ. ನಂಬಲಿಲ್ಲ, ಯಾಕಂದ್ರೆ ನಂಬರ್ ಪ್ಲೇಟ್ ಬಿಳೀದು. ಹಸಿರು ಪ್ಲೇಟ್ ಪೂರ್ತಿ ಬ್ಯಾಟರಿಲೇ ಓಡೋ ಗಾಡಿಗೆ (ಇವಿ ಅಂತಾರಲ್ಲ ಅದಕ್ಕೆ) ಮಾತ್ರ, ನಮ್ಮಂಥೋರಿಗಿಲ್ಲ. ಇವಿಗೆ ಜಿಎಸ್‌ಟಿ 5 ಪರ್ಸೆಂಟ್ ಅಂತಾರಲ್ಲ ಅದೂ ಇಲ್ಲ, ಲೈಫ್ ಟ್ಯಾಕ್ಸೂ ಪೆಟ್ರೋಲ್ ಗಾಡಿ ಲೆಕ್ಕದಲ್ಲೇ. ಸರ್ಕಾರದ ಕಣ್ಣಲ್ಲಿ ಇದು ಪೆಟ್ರೋಲ್ ಕಾರು ಅಷ್ಟೇ, ಅದನ್ನ ಮೊದ್ಲೇ ತಲೇಲಿ ಇಟ್ಕೊಳಿ.

ಇನ್ನೊಂದು ಗೊಂದಲ ಏನಂದ್ರೆ ಹೈಬ್ರಿಡ್ ಅಂದ ತಕ್ಷಣ ಎಲ್ರೂ "ಓ ಹೈಕ್ರಾಸ್ ಥರಾನಾ" ಅಂತಾರೆ. ಅಲ್ಲ. ಬಿಡದಿಲಿ ತಯಾರಾಗೋ ಇನ್ನೋವಾ ಹೈಕ್ರಾಸು, ಹೈರೈಡರ್ರು ಸ್ಟ್ರಾಂಗ್ ಹೈಬ್ರಿಡ್, ಅದರ ಬ್ಯಾಟರಿ ಪುಟ್ಟದು, ಒಂದು ಯೂನಿಟ್ ಆಸುಪಾಸು, ಓಡ್ತಾ ಓಡ್ತಾ ತಾನೇ ಚಾರ್ಜ್ ಆಗತ್ತೆ, ವೈರೂ ಬೇಡ ಪ್ಲಗ್ಗೂ ಬೇಡ. ಪ್ಲಗ್ ಇನ್ ಅಂದ್ರೆ ಹತ್ತರಿಂದ ಇಪ್ಪತ್ತು ಯೂನಿಟ್ ಹಿಡಿಯೋ ಬ್ಯಾಟರಿ, ರಾತ್ರಿ ಮೊಬೈಲ್ ಥರ ಚಾರ್ಜ್‌ಗೆ ಹಾಕ್ಬೇಕು, ಬೆಳಿಗ್ಗೆ ಮೂವತ್ತು ನಲವತ್ತು ಕಿಮೀ ಇಂಜಿನ್ ಮುಟ್ಟದೇ ಓಡತ್ತೆ, ಆಮೇಲೆ ಪೆಟ್ರೋಲು. ನಮ್ಮಲ್ಲಿ ಇಂಥವು ಬಂದಿದ್ದೇ ಕಮ್ಮಿ, ಬಂದವೆಲ್ಲಾ ದುಬಾರಿ. ವೋಲ್ವೋ ಎಕ್ಸ್‌ಸಿ90 ಟಿ8 (ನಮ್ ಹೊಸಕೋಟೇಲೇ ಜೋಡಿಸ್ತಿದ್ರು), ಬಿಎಂಡಬ್ಲ್ಯೂ 745ಎಲ್‌ಇ, ಪೋರ್ಷೆ ಕಯೆನ್ ಇ ಹೈಬ್ರಿಡ್, ರೇಂಜ್ ರೋವರ್ ಥರದವು. ಹೊಸದು ತಗೊಳೋ ತಾಕತ್ತು ನಂಗಿಲ್ಲ ಸ್ವಾಮಿ, ನಂದು ಸೆಕೆಂಡ್ಸು. ಸೆಕೆಂಡ್ಸ್ ತಗೊಳೋರು ಒಂದ್ ಕೆಲ್ಸ ಮಾಡಿ, ಓನರ್‌ಗೆ ಹಿಂದಿನ ರಾತ್ರಿ ಫುಲ್ ಚಾರ್ಜ್ ಮಾಡಿಡಿ ಅಂತ ಹೇಳಿ, ಹೋಗಿ ಬರೀ ಬ್ಯಾಟರಿಲೇ ಓಡಿಸಿ ಎಷ್ಟ್ ಕಿಮೀಗೆ ಇಂಜಿನ್ ಎದ್ದೇಳತ್ತೆ ನೋಡಿ. "ಕೇಬಲ್ ಎಲ್ಲಿಟ್ಟಿದೀನೋ ಗೊತ್ತಿಲ್ಲ" ಅಂದ್ರೆ ಆ ಗಾಡಿ ಯಾವತ್ತೂ ಚಾರ್ಜ್‌ಗೆ ಹೋಗಿಲ್ಲ ಅಂತ ಅರ್ಥ. ಹಂಗೆ ಇಟ್ಕೊಂಡಿರೋರೇ ಜಾಸ್ತಿ, ಚಾರ್ಜ್ ಮಾಡ್ದೆ ಓಡಿಸಿದ್ರೆ ಇದು ಸುಮ್ನೆ ನೂರು ಕೆಜಿ ಮೇಲೆ ಎಕ್ಸ್‌ಟ್ರಾ ಭಾರ ಹೊತ್ಕೊಂಡು ತಿರುಗೋ ಪೆಟ್ರೋಲ್ ಗಾಡಿ, ಮೈಲೇಜು ಇನ್ನೂ ಕೆಟ್ಟದಾಗಿ ಬರತ್ತೆ.

ಅದಕ್ಕೇ ಹೇಳ್ತಿರೋದು, ಶೋರೂಮಿಗೆ ಹೋಗೋಕ್ ಮುಂಚೆ ನಿಮ್ ಪಾರ್ಕಿಂಗ್ ಜಾಗಕ್ಕೆ ಹೋಗಿ ನಿಂತ್ಕೊಳಿ. ಅಲ್ಲಿ ನಿಮ್ ಮನೆ ಮೀಟರಿಂದ ಬಂದಿರೋ ಪವರ್ ಪಾಯಿಂಟ್ ಇದ್ಯಾ? ಇಲ್ಲಾಂದ್ರೆ ಎಳೆಸೋಕೆ ಆಗತ್ತಾ? ಅಸೋಸಿಯೇಷನ್ನೋರು ಒಪ್ತಾರಾ? ನಮ್ಮಲ್ಲಿ ಎರಡು ಮೀಟಿಂಗ್ ಆಯ್ತು, ಒಬ್ಬರು ಅಂಕಲ್ಲು "ಬೆಂಕಿ ಬಿದ್ರೆ ಯಾರ್ ಜವಾಬ್ದಾರಿ" ಅಂತ ಕೂತ್ಬಿಟ್ರು. ಕೇಂದ್ರ ವಿದ್ಯುತ್ ಸಚಿವಾಲಯ 2022ರ ಜನವರಿಲಿ ಕೊಟ್ಟ ಮಾರ್ಗಸೂಚಿಲಿ ಮನೇಲಿರೋ ಕನೆಕ್ಷನ್ನಿಂದಲೇ ಗಾಡಿ ಚಾರ್ಜ್ ಮಾಡ್ಕೋಬಹುದು ಅಂತಿದೆ, ಅದರ ಪ್ರಿಂಟ್ ತಗೊಂಡ್ ಹೋದೆ. ಆದ್ರೆ ಕೆಲ್ಸ ಆಗಿದ್ದು ಪ್ರಿಂಟಿಂದ ಅಲ್ಲ, ಖರ್ಚೆಲ್ಲಾ ನಂದೇ, ವೈರಿಂಗೂ ಅಸೋಸಿಯೇಷನ್ ಹೇಳಿದ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸ್ತೀನಿ ಅಂದ ಮೇಲೆ.

ವೈರಿಂಗ್ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ನಾನು ಇಲ್ಲೇ ಎಡವಿದ್ದು. ಗಾಡಿ ಜೊತೆ ಬರೋ ಚಾರ್ಜರ್ ಮೂರು ಪಿನ್ನಿಂದು, ನಮ್ ಗೀಸರ್‌ಗೆ ಹಾಕ್ತೀವಲ್ಲ ಅದೇ 16 ಆಂಪ್ಸ್ ಪ್ಲಗ್ಗು. ಗೀಸರ್ ಓಡತ್ತೆ ಕಾರ್ ಓಡಲ್ವಾ ಅಂತ ಹಳೇ ಸಾಕೆಟ್ಟಿಗೇ ಹಾಕ್ದೆ. ಗೀಸರ್ ಓಡೋದು ಹದಿನೈದು ನಿಮಿಷ, ಕಾರು ಒಂದೇ ಸಮ ಐದು ಗಂಟೆ ಎಳೆಯತ್ತೆ. ಮೂರನೇ ವಾರ ರಾತ್ರಿ ಬೇಸ್‌ಮೆಂಟಲ್ಲೆಲ್ಲಾ ಸುಟ್ಟ ವಾಸನೆ, ಓಡ್ಹೋಗಿ ನೋಡಿದ್ರೆ ಸಾಕೆಟ್ ಮುಖ ಕಂದು ಬಣ್ಣಕ್ಕೆ ತಿರುಗಿದೆ, ಪ್ಲಗ್ ಒಳಗೇ ಅಂಟ್ಕೊಂಡು ಕೂತಿದೆ, ಕೆಳಗಿನ್ ಮನೆ ಆಂಟಿ ಆಗ್ಲೇ ಬಂದು ಮೂಗ್ ಮುಚ್ಕೊಂಡು ನಿಂತಿದಾರೆ. ಆ ಅಂಕಲ್ ಮುಖ ನೋಡೋಕೆ ಒಂದ್ ತಿಂಗಳು ಬೇಕಾಯ್ತು ನಂಗೆ. ಆಮೇಲೆ ಮಾಡಿಸಿದ್ದು ಹೀಗೆ: ಮೀಟರಿಂದ ಸೀದಾ 4 ಸ್ಕ್ವೇರ್ ಎಂಎಂ ತಾಮ್ರದ ವೈರು, ಅದಕ್ಕೇ ಅಂತ 20 ಆಂಪ್ಸ್ ಎಂಸಿಬಿ (ಲೋಡ್ ಜಾಸ್ತಿ ಆದ್ರೆ ಟ್ರಿಪ್ ಆಗೋ ಸ್ವಿಚ್ಚು), ಜೊತೆಗೊಂದು ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಾನೇ ಕಟ್ ಮಾಡೋದು), ತುದೀಲಿ ಒಳ್ಳೇ ಕಂಪನಿದು ಇಂಡಸ್ಟ್ರಿಯಲ್ ಸಾಕೆಟ್ಟು. ಗಾಡಿಲಿ ಕರೆಂಟ್ ಲಿಮಿಟ್ಟು 10 ಆಂಪ್ಸ್‌ಗೆ ಇಟ್ಟಿದೀನಿ, ಗಂಟೆಗೆ ಎರಡೂಕಾಲು ಯೂನಿಟ್ ಹೋಗತ್ತೆ, ರಾತ್ರಿ ಪೂರ್ತಿ ಇದ್ಯಲ್ಲ ಅವಸರ ಏನು. ಹೊಸ ಸಾಕೆಟ್ ಹಾಕಿಸಿದ್ ಮೊದಲ ದಿನ ಅರ್ಧ ಗಂಟೆ ಬಿಟ್ಟು ಹೋಗಿ ಪ್ಲಗ್ ಮುಟ್ಟಿ ನೋಡಿ, ಬೆಚ್ಚಗಿದ್ರೆ ಸರಿ, ಕೈ ಇಡೋಕಾಗಲ್ಲ ಅಂದ್ರೆ ಆಫ್ ಮಾಡಿ ಎಲೆಕ್ಟ್ರಿಷಿಯನ್ನ ಕರೀರಿ. ಎಕ್ಸ್‌ಟೆನ್ಷನ್ ಬೋರ್ಡ್ ಅಂತೂ ಬೇಡವೇ ಬೇಡ.

ಇನ್ನು ಅರ್ಥಿಂಗು. 2024ರ ಏಪ್ರಿಲ್ಲು, ಊರಲ್ಲೆಲ್ಲಾ ನೀರಿನ ಟ್ಯಾಂಕರ್‌ಗೆ ಹಾಹಾಕಾರ, ಒಂದಿನ ಚಾರ್ಜರ್ ಡಬ್ಬಿಲಿ ಕೆಂಪು ಲೈಟು, ಚಾರ್ಜ್ ತಗೊಳಲ್ಲ. ಸರ್ವೀಸಿಗೆ ಫೋನ್ ಮಾಡೋದ್ರಲ್ಲಿದ್ದೆ, ನಮ್ ಎಲೆಕ್ಟ್ರಿಷಿಯನ್ ಅಣ್ಣ ಬಂದು ಮೀಟರ್ ಹಿಡಿದ್ರು, ಫೇಸಿಗೂ ನ್ಯೂಟ್ರಲ್‌ಗೂ 230 ಸರಿಯಾಗಿದೆ, ನ್ಯೂಟ್ರಲ್‌ಗೂ ಅರ್ಥ್‌ಗೂ 38 ವೋಲ್ಟ್ ತೋರಿಸ್ತಿದೆ, ಅದು ಎರಡು ಮೂರರ ಮೇಲೆ ಇರಬಾರದಂತೆ. "ಅರ್ಥ್ ಪಿಟ್ ಒಣಗೋಗಿದೆ ಸಾರ್, ಆ ಗುಂಡಿಗೆ ನೀರು ಕುಡಿಸ್ಬೇಕು" ಅಂದ್ರು. ಜನ ಕುಡಿಯೋಕೆ ನೀರಿಲ್ಲದ ಟೈಮಲ್ಲಿ ಭೂಮಿಗೆ ಬಕೆಟ್ ಬಕೆಟ್ ಸುರಿಯೋದು ಅಂದ್ರೆ ಅಸೋಸಿಯೇಷನ್ ಸುಮ್ನಿರತ್ತಾ, ಕೊನೆಗೆ ಮನೇಲಿ ಆರ್‌ಒ ಫಿಲ್ಟರ್ ಇಂದ ವೇಸ್ಟ್ ಹೋಗೋ ನೀರು ಹಿಡಿದಿಟ್ಟು ಎರಡು ಬಕೆಟ್ ಪಿಟ್ಟಿಗೆ ಹಾಕಿದ್ವಿ, ಸ್ವಲ್ಪ ಹೊತ್ತಿಗೆ ಹಸಿರು ಲೈಟ್ ಬಂತು. ಈಗ ಫೆಬ್ರವರಿಯಿಂದ ಮಳೆ ಹಿಡಿಯೋವರೆಗೂ ವಾರಕ್ಕೊಂದ್ಸಲ ಇದು ನನ್ ಡ್ಯೂಟಿ. ಕೆಂಪು ಲೈಟ್ ಬಂದ್ರೆ ಕಾರ್ ಕೆಟ್ಟಿದೆ ಅಂತ ಟೋ ಮಾಡಿಸ್ಬೇಡಿ, ಬೇರೆ ಮನೆ ಸಾಕೆಟ್ಟಲ್ಲಿ ಒಂದ್ಸಲ ಹಾಕಿ ನೋಡಿ.

ಮತ್ತೆ ಆ ಲೈನು ಬೆಸ್ಕಾಂ ಸಪ್ಲೈಗೆ ಮಾತ್ರ ಇರಲಿ, ಜನರೇಟರ್‌ಗೆ ಬೇಡ. ಕರೆಂಟ್ ಹೋಗಿ ಡಿಜಿ ಆನ್ ಆದಾಗ ನಿಮ್ ಕಾರು ಎಳೆದು ಇಡೀ ಬ್ಲಾಕ್ ಟ್ರಿಪ್ ಆದ್ರೆ ಮುಂದಿನ್ ಮೀಟಿಂಗಲ್ಲಿ ನೀವೇ ಅಜೆಂಡಾ. ಚಾರ್ಜರ್ ಡಬ್ಬಿನ ನೆಲದ ಮೇಲೆ ಇಡ್ಬೇಡಿ, ಗೋಡೆಗೊಂದು ಮೊಳೆ ಹೊಡೆದು ಎತ್ತರಕ್ಕೆ ನೇತಾಕಿ, 2022ರ ಸೆಪ್ಟೆಂಬರ್ ಮಳೇಲಿ ಬೆಳ್ಳಂದೂರು ಯಮಲೂರು ಕಡೆ ಬೇಸ್‌ಮೆಂಟ್‌ಗಳ ಗತಿ ಏನಾಯ್ತು ಅಂತ ಎಲ್ರೂ ನೋಡಿದೀವಿ.

ಲೆಕ್ಕಕ್ಕೆ ಬರೋಣ. ನಂದು ದಿನಕ್ಕೆ ಹತ್ತಿರ ಹತ್ತಿರ 9 ಯೂನಿಟ್ ತಗೊಳತ್ತೆ, ಸರ್‌ಚಾರ್ಜು ಟ್ಯಾಕ್ಸು ಸೇರಿ ಯೂನಿಟ್ಟಿಗೆ ಏಳು ರೂಪಾಯಿ ಹಿಡೀರಿ, 63 ರೂಪಾಯಿ, ಅದ್ರಲ್ಲಿ 30 ಚಿಲ್ರೆ ಕಿಮೀ. ಅಂದ್ರೆ ಕಿಮೀಗೆ ಎರಡು ರೂಪಾಯಿ. ಇದೇ ದಪ್ಪ ಗಾಡಿ ಸಿಟಿಲಿ ಪೆಟ್ರೋಲಲ್ಲಿ ಎಂಟು ಎಂಟೂವರೆ ಕೊಡತ್ತೆ, ಲೀಟರ್ ನೂರು ದಾಟಿದೆ, ಕಿಮೀಗೆ ಹನ್ನೆರಡು. ಇದೆಲ್ಲಾ ಸರಿ, ಆದ್ರೆ ಗೃಹಜ್ಯೋತಿ ಮರೀಬೇಡಿ. ಇಂಥ ಕಾರ್ ಇಟ್ಕೊಂಡು ಗೃಹಜ್ಯೋತಿನಾ ಅಂತ ನಗ್ಬೇಡಿ, ನಮ್ ಬಿಲ್ಡಿಂಗಲ್ಲಿ ಬೆಂಜ್ ಇರೋರಿಗೂ ಸೊನ್ನೆ ಬಿಲ್ಲೇ ಬರ್ತಿದೆ. ದಿನಕ್ಕೆ 9 ಯೂನಿಟ್, ತಿಂಗಳಿಗೆ 22 ದಿನ ಅಂದ್ರೂ 198 ಕಾರಿಗೇ ಹೋಯ್ತು, ಮನೇದು ಸೇರಿದ್ರೆ 200 ದಾಟೇ ದಾಟತ್ತೆ, ದಾಟಿದ್ ತಿಂಗಳು ಪೂರ್ತಿ ಬಿಲ್ ಕಟ್ಬೇಕು. ಮೊದಲ ಬಿಲ್ ಬಂದಾಗ ನಮ್ಮಮ್ಮ "ಫ್ರೀ ಇದ್ದಿದ್ದ ಕಳ್ಕೊಂಡ್ಯಲ್ಲೋ" ಅಂತ ಬೈದಿದ್ರು, ಪೆಟ್ರೋಲ್ ಉಳಿದಿದ್ದು ಅವರ ಲೆಕ್ಕಕ್ಕೆ ಬರ್ಲೇ ಇಲ್ಲ. ಇವಿಗೆ ಅಂತ ಬೆಸ್ಕಾಂ ಬೇರೆ ಮೀಟರ್ ಕೊಡತ್ತೆ, ದರನೂ ಕಮ್ಮಿ, ದಿನಾ ಚಾರ್ಜ್ ಮಾಡೋರು ಅದನ್ನ ವಿಚಾರಿಸಿ.

ಓಡಿಸೋದು ಹೇಗೆ ಅಂದ್ರೆ, ಗಾಡಿನ ಅದರ ಪಾಡಿಗೆ ಬಿಟ್ರೆ ಅದು ಬ್ಯಾಟರಿ ಪೆಟ್ರೋಲ್ ಎರಡೂ ಕಲಸಿಕೊಂಡು ಹೋಗತ್ತೆ, ನಮ್ ಊರಿಗೆ ಅದು ಬೇಡ. ನಂದು ಜೆಪಿ ನಗರದಿಂದ ಬೆಳ್ಳಂದೂರು, ಮಧ್ಯೆ ಸಿಲ್ಕ್ ಬೋರ್ಡ್, ಇನ್ನೇನ್ ಹೇಳ್ಬೇಕು. ಮನೆ ಬಿಡುವಾಗ್ಲೇ ಪ್ಯೂರ್ ಇವಿ ಮೋಡ್ ಒತ್ತಿಬಿಡ್ತೀನಿ, ಜಾಮಲ್ಲಿ ನಿಂತಾಗ ಇಂಜಿನ್ ಇಲ್ಲ, ಶಬ್ದ ಇಲ್ಲ, ಬರೀ ಎಸಿ ಎಳೆಯೋ ಕರೆಂಟು, ಪಕ್ಕದ ಬಿಎಂಟಿಸಿ ಬಸ್ಸು ಗಡಗಡ ಅನ್ನೋದು ಜೋರಾಗಿ ಕೇಳತ್ತೆ ಅಷ್ಟೇ. ಏಪ್ರಿಲ್ ಮೇ ಬಿಸಿಲಲ್ಲಿ ಹೊರಡೋ ಹತ್ತು ನಿಮಿಷ ಮುಂಚೆ, ವೈರ್ ಹಾಕಿರೋವಾಗ್ಲೇ, ಆ್ಯಪಿಂದ ಎಸಿ ಆನ್ ಮಾಡಿ. ತಣ್ಣಗೆ ಮಾಡೋ ಕರೆಂಟ್ ಗೋಡೆಯಿಂದ ಬರತ್ತೆ, ಬ್ಯಾಟರಿ ಕಿಮೀಗೆ ಉಳಿಯತ್ತೆ. ಬಿ ಮೋಡ್ ಅಂತ ಇದ್ರೆ ಸಿಟಿಲಿ ಅದನ್ನೇ ಹಾಕ್ಕೊಳಿ, ಆಕ್ಸಿಲರೇಟರ್ ಬಿಟ್ರೆ ಸಾಕು ಗಾಡಿ ತಾನೇ ನಿಧಾನ ಆಗತ್ತೆ, ಆ ಶಕ್ತಿ ವಾಪಸ್ ಬ್ಯಾಟರಿಗೆ. ಮೊದಲೆರಡು ದಿನ ಹಿಂದೆ ಕೂತೋರಿಗೆ ವಾಂತಿ ಬಂದಂಗಾಗತ್ತೆ, ಕಾಲು ಪಟ್ ಅಂತ ಎತ್ಬೇಡಿ, ಮೆತ್ತಗೆ ಬಿಡಿ.

ಮೈಸೂರಿಗೆ ಹೋಗೋವಾಗ ಎಲ್ರೂ ಮಾಡೋ ತಪ್ಪು ಇದು, ಕೆಂಗೇರಿ ಕುಂಬಳಗೋಡು ದಾಟಿ ಎಕ್ಸ್‌ಪ್ರೆಸ್‌ವೇಲಿ ಬ್ಯಾಟರಿ ಮೇಲೆ ನೂರರಲ್ಲಿ ಹೊಡೀತಾರೆ, ರಾಮನಗರ ಬರೋ ಮುಂಚೆನೇ ಬ್ಯಾಟರಿ ಖಾಲಿ, ಮೈಸೂರು ಸಿಟಿ ಸಿಗ್ನಲ್‌ಗಳಲ್ಲಿ ಪೆಟ್ರೋಲು. ಉಲ್ಟಾ ಮಾಡಿ. ಸಿಟಿ ದಾಟೋವರೆಗೂ ಬ್ಯಾಟರಿ, ಹೈವೇ ಹತ್ತಿದ ತಕ್ಷಣ ಹೋಲ್ಡ್ ಬಟನ್ನು (ಕೆಲವು ಗಾಡಿಲಿ ಸೇವ್ ಅಂತಿರತ್ತೆ), ಉಳಿದಿರೋ ಚಾರ್ಜ್ ಮೈಸೂರೊಳಗೆ ಉಪಯೋಗ್ಸಿ. ಇಂಜಿನ್ ಹೈವೇಲೇ ಚೆನ್ನಾಗಿ ಮೈಲೇಜ್ ಕೊಡೋದು. ಇಂಜಿನ್ನಿಂದಲೇ ಬ್ಯಾಟರಿ ತುಂಬೋ ಚಾರ್ಜ್ ಮೋಡೂ ಇರತ್ತೆ, ಅದನ್ನ ನಾನ್ ಮುಟ್ಟಲ್ಲ, ಪೆಟ್ರೋಲ್ ಸುಟ್ಟು ಕರೆಂಟ್ ಮಾಡೋದು ಯಾವ್ ಬುದ್ಧಿವಂತಿಕೆ. ಬೆಟ್ಟದ್ದೂ ಅಷ್ಟೇ. ನಂದಿಗೆ ಹೋದ್ರೆ ಹತ್ತೋವಾಗ ಬ್ಯಾಟರಿ ಖಾಲಿ ಮಾಡ್ಕೊಂಡೇ ಹತ್ತಿ, ಇಳಿಯೋವಾಗ ಬಿ ಮೋಡಲ್ಲಿ ಇಳೀರಿ, ತುಂಬ್ಕೊಳೋಕೆ ಬ್ಯಾಟರಿಲಿ ಜಾಗ ಇರ್ಬೇಕಲ್ಲ. ತುಂಬಿದ್ರೆ ಆ ಹಿಡಿತ ಸಿಗಲ್ಲ, ಎರಡು ಟನ್ ದಾಟಿದ ಗಾಡಿ ಭಾರ ಎಲ್ಲಾ ಬ್ರೇಕ್ ಮೇಲೆ.

ಸಣ್ಣ ಪುಟ್ಟವು. ವಾರಗಟ್ಟಲೆ ಇಂಜಿನ್ನೇ ಓಡಲ್ಲ ಅಂದ್ರೆ ಟ್ಯಾಂಕಲ್ಲಿ ಪೆಟ್ರೋಲ್ ಹಳಸತ್ತೆ, ಈಗ ಬರೋದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಇ20 ಬೇರೆ, ಎಥನಾಲ್ ನೀರಿನಂಶ ಎಳ್ಕೊಳತ್ತೆ. ನಾನು ಅರ್ಧ ಟ್ಯಾಂಕ್ ಮೇಲೆ ಹಾಕಿಸಲ್ಲ, ಹದಿನೈದು ದಿನಕ್ಕೊಮ್ಮೆ ನೈಸ್ ರೋಡಲ್ಲಿ ಅರ್ಧ ಗಂಟೆ ಇಂಜಿನ್ ಮೇಲೇ ಓಡಿಸ್ತೀನಿ. ಎಂಜಿನ್ ಆಯಿಲ್ ಕಿಮೀ ನೋಡ್ಬೇಡಿ, ವರ್ಷಕ್ಕೊಂದ್ಸಲ ಬದಲಾಯಿಸಿ. ಬ್ರೇಕ್ ಜಾಸ್ತಿ ಬಳಸದೇ ಇರೋದ್ರಿಂದ ಮಳೆಗಾಲದಲ್ಲಿ ಡಿಸ್ಕ್ ತುಕ್ಕು ಹಿಡಿದು ಬೆಳಿಗ್ಗೆ ಕರ್ ಅನ್ನತ್ತೆ, ಖಾಲಿ ರೋಡಲ್ಲಿ ಎರಡು ಸಲ ಗಟ್ಟಿಯಾಗಿ ಒತ್ತಿ, ಹೋಗತ್ತೆ. ಬಾನೆಟ್ ಒಳಗಿನ ಕಿತ್ತಳೆ ಬಣ್ಣದ ವೈರ್ ಹೈ ವೋಲ್ಟೇಜು, ಪ್ರೆಷರ್ ವಾಷ್ ಹುಡುಗ್ರಿಗೆ ಬಾನೆಟ್ ತೆಗೀಬೇಡ ಅಂತ ಹೇಳಿಬಿಡಿ. ಹೆಗ್ಗಣಕ್ಕೆ ಮಾತ್ರ ಯಾರ್ ಹೇಳೋದು, ನಾನು ನುಸಿಗುಳಿಗೆ ಇಟ್ಟೆ, ಕೆಲ್ಸಕ್ಕೆ ಬರ್ಲಿಲ್ಲ, ಹೊಗೆಸೊಪ್ಪು ಬಟ್ಟೇಲಿ ಕಟ್ಟಿ ಇಟ್ಟ ಮೇಲೆ ಇಲ್ಲಿವರೆಗೂ ತೊಂದ್ರೆ ಇಲ್ಲ.

12 ವೋಲ್ಟ್ ಬ್ಯಾಟರಿ ಬಗ್ಗೆ ಯಾರೂ ಹೇಳಲ್ಲ. ದಸರಾ ರಜೆಗೆ ಎರಡು ವಾರ ಊರಿಗೆ ಹೋಗಿ ಬಂದೆ, ದೊಡ್ಡ ಬ್ಯಾಟರಿ ಫುಲ್ ಇತ್ತು, ಆದ್ರೂ ಗಾಡಿ ಡೋರೇ ತೆಗೀಲಿಲ್ಲ. ಲಾಕು, ಸ್ಕ್ರೀನು, ಕಂಪ್ಯೂಟರ್ರು ಎಲ್ಲಾ ಓಡೋದು ಮಾಮೂಲಿ ಪುಟ್ಟ ಬ್ಯಾಟರಿ ಮೇಲೆ, ಅದು ಸತ್ರೆ ದೊಡ್ಡದು ಎದ್ದೇಳೋದೇ ಇಲ್ಲ. ರಿಮೋಟ್ ಒಳಗಿರೋ ಕಬ್ಬಿಣದ ಕೀ ಎಲ್ಲಿದೆ, ಡೋರಲ್ಲಿ ಅದರ ತೂತು ಎಲ್ಲಿದೆ, ಜಂಪ್ ಕೊಡೋ ಪಾಯಿಂಟ್ ಎಲ್ಲಿದೆ ಅಂತ ಇವತ್ತೇ ಮ್ಯಾನುಯಲ್ ನೋಡ್ಕೊಳಿ.

ಹೊರಗಡೆ ಚಾರ್ಜಿಂಗ್ ನೆಚ್ಕೋಬೇಡಿ. ಮಾಲಲ್ಲಿ ನಿಧಾನಕ್ಕೆ ಚಾರ್ಜ್ ಮಾಡೋ ಎಸಿ ಟೈಪ್ 2 ಪಾಯಿಂಟ್ ಖಾಲಿ ಇದ್ರೆ ಸಿನಿಮಾ ಮುಗಿಯೋವರೆಗೂ ಹಾಕಿ, ಹೆಚ್ಚಿನ ಪ್ಲಗ್ ಇನ್‌ಗಳು ಫಾಸ್ಟ್ ಚಾರ್ಜ್ ತಗೊಳೋದೇ ಇಲ್ಲ, ಸುಮ್ನೆ ಆ ಜಾಗದಲ್ಲಿ ನಿಲ್ಲಿಸಿ ಇವಿಯೋರ ಹತ್ರ ಬೈಸ್ಕೋಬೇಡಿ, ನಮಗೆ ಬಂಕ್ ಇದೆ, ಪಾಪ ಅವರಿಗೆ ಅದೊಂದೇ.

ಕೊನೇದಾಗಿ ಎಮಿಷನ್ ಟೆಸ್ಟು. ಬಿಳಿ ಪ್ಲೇಟ್ ಅಂದ್ಮೇಲೆ ಮಾಡಿಸ್ಲೇಬೇಕು. ಬಂಕ್ ಪಕ್ಕದ ವ್ಯಾನಿನ ಹುಡುಗ ಸೈಲೆನ್ಸರ್‌ಗೆ ಪೈಪ್ ತೂರಿಸಿ "ಸಾರ್ ಗಾಡಿ ಆನ್ ಮಾಡಿ" ಅಂದ. ಆನೇ ಇದೆ ಗುರು ಅಂದೆ. ಪೈಪ್ ತೆಗೆದ, ಒರೆಸಿದ, ಮತ್ತೆ ಹಾಕಿದ, ಎಲ್ಲಾ ಸೊನ್ನೆ. "ಸೊನ್ನೆ ಬಂದ್ರೆ ಸಿಸ್ಟಮ್ ತಗೊಳಲ್ಲ ಸಾರ್" ಅಂತಾನೆ, ಹಿಂದೆ ನಾಲ್ಕು ಆಟೋ ಹಾರ್ನು. ಆಕ್ಸಿಲರೇಟರ್ ತುಳಿದ್ರೂ ಇಂಜಿನ್ ಬರಲ್ಲ, ಬ್ಯಾಟರಿ ಫುಲ್ ಇದ್ಯಲ್ಲ, ಮೆನು ಒಳಗೆಲ್ಲಾ ಹುಡುಕಿ ಪವರ್ ಮೋಡ್ ಹಾಕಿದ್ಮೇಲೆ ಎದ್ದಿತು. ಈಗ ಬಂಕಿಗೆ ಎರಡು ಕಿಮೀ ಇರೋವಾಗ್ಲೇ ಪವರ್ ಮೋಡಿಗೆ ಹಾಕಿ, ಇಂಜಿನ್ ಬಿಸಿ ಮಾಡ್ಕೊಂಡೇ ಹೋಗಿ ಕ್ಯೂಲಿ ನಿಲ್ತೀನಿ.