ಡಬ್ಬಿ ಮಾರುವುದನ್ನು ಬಿಟ್ಟು ಕಣ ಕಾಯಲು ನಿಂತೆ

ಮೊಬೈಲ್ ಅಂಗಡಿಯವನಾದ ನಾನು ಕಾಫಿ ತೋಟಗಳೊಂದಿಗೆ ಅವರ ಸಿಸಿಟಿವಿ ಕ್ಯಾಮೆರಾ, ಇಂಟರ್ನೆಟ್‌ಗಳ ವಾರ್ಷಿಕ ನಿರ್ವಹಣೆಯ ಒಪ್ಪಂದ ಮಾಡಿಕೊಳ್ಳುತ್ತೇನೆಂದು ನಾಲ್ಕು ವರ್ಷಗಳ ಹಿಂದೆ ಹೇಳಿದಾಗ, ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಸಹವ್ಯಾಪಾರಿಗಳು ನಕ್ಕಿದ್ದರು. ‘ತೋಟದವರು ಗೊಬ್ಬರಕ್ಕೆ ಕೊಟ್ಟಾರು, ಕ್ಯಾಮೆರಾದ ಜೇಡರ ಬಲೆ ಒರೆಸುವುದಕ್ಕೆ ಯಾರು ಕೊಡುತ್ತಾರೆ?’ ಎಂಬುದು ಅವರ ಪ್ರಶ್ನೆಯಾಗಿತ್ತು. ಈಗ ನನ್ನ ಕೈಯಲ್ಲಿರುವ ಒಪ್ಪಂದಗಳು 60ಕ್ಕೆ ಎರಡೋ ಮೂರೋ ಹೆಚ್ಚು. ಒರೆಸುವುದಕ್ಕೂ ಕೊಡುತ್ತಾರೆ.

ರೀಚಾರ್ಜಿನ ಕಥೆ ನಮ್ಮವರಿಗೆಲ್ಲ ಗೊತ್ತಿರುವುದೇ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಸಣ್ಣ ಟಾಪಪ್‌ಗಳು ಹೋದವು, ಆಮೇಲೆ ಯುಪಿಐ ಬಂದು ಉಳಿದ ಗಿರಾಕಿಗಳನ್ನೂ ಕರೆದೊಯ್ದಿತು. 2024ರ ಜುಲೈನಲ್ಲಿ ದರ ಏರಿದಾಗ ನೂರಕ್ಕೆ ಎರಡೂವರೆ, ಮೂರು ರೂಪಾಯಿಯ ನಮ್ಮ ಕಮಿಷನ್ನೂ ದಪ್ಪವಾದೀತೆಂದು ಕೆಲವರು ಲೆಕ್ಕ ಹಾಕಿದ್ದರು. ಆದರೆ ದೊಡ್ಡ ಮೊತ್ತದ ರೀಚಾರ್ಜನ್ನು ಜನ ತಮ್ಮ ಫೋನಿನಲ್ಲೇ ಮಾಡಿಕೊಂಡರು. ಸಿಮ್ ಮಾರುವುದಕ್ಕೆ 2023ರ ಡಿಸೆಂಬರಿನಿಂದ ನೋಂದಣಿ ಕಡ್ಡಾಯವಾದಾಗ ನಾನು ನೋಂದಾಯಿಸಿಕೊಂಡೆನಾದರೂ ಆ ಮೇಜನ್ನು ಅಂಗಡಿಯ ಮೂಲೆಗೆ ಸರಿಸಿದೆ.

ನನಗೆ ನಿಜವಾಗಿ ಬುದ್ಧಿ ಬಂದದ್ದು 2021ರ ದೀಪಾವಳಿಯಲ್ಲಿ. ವಿತರಕರೊಬ್ಬರ ಟಾರ್ಗೆಟ್ ಮುಟ್ಟಿದರೆ ಸಿಗುವ ಸ್ಕೀಮಿನ ಆಸೆಗೆ ಸುಮಾರು 4 ಲಕ್ಷ ರೂಪಾಯಿಯ ಫೋನುಗಳನ್ನು ಎತ್ತಿದೆ. ಎರಡೇ ವಾರಗಳಲ್ಲಿ ಆನ್‌ಲೈನ್ ಬೆಲೆ ನನ್ನ ಖರೀದಿ ಬೆಲೆಗಿಂತ ಕೆಳಗಿಳಿಯಿತು. ಬೆಲೆ ಇಳಿದರೆ ವ್ಯತ್ಯಾಸ ತುಂಬಿಕೊಡುವುದಾಗಿ ಬಾಯಿಮಾತಿನಲ್ಲಿ ಹೇಳಿದ್ದವರು ಕರೆ ಎತ್ತುವುದನ್ನೇ ನಿಲ್ಲಿಸಿದರು. ಮಾರಿ ಮುಗಿಸುವಷ್ಟರಲ್ಲಿ ಎಪ್ಪತ್ತು ಸಾವಿರದಷ್ಟು ಕೈಬಿಟ್ಟಿತ್ತು. ಅಂದು ಹಳೆಯ ಬಿಲ್ ಪುಸ್ತಕಗಳನ್ನು ಹರಡಿಕೊಂಡು ಕುಳಿತಾಗ ಕಂಡದ್ದಿಷ್ಟು: ವಿತರಕರು ಮೂರು ಮೂರು ತಿಂಗಳಿಗೆ ವರ್ಷವನ್ನು ಕತ್ತರಿಸುತ್ತಾರೆ, ನಮ್ಮ ಗಿರಾಕಿಯ ವರ್ಷವನ್ನು ಕಾಫಿ ಕತ್ತರಿಸುತ್ತದೆ.

ಅಲ್ಲಿಂದ ಮುಂದೆ ನನ್ನ ವ್ಯಾಪಾರವನ್ನು ತೋಟದ ಪಂಚಾಂಗಕ್ಕೆ ಕಟ್ಟಿದೆ. ನವೆಂಬರಿನಿಂದ ಫೆಬ್ರುವರಿಯವರೆಗೆ ಹಣ್ಣು ಕೊಯ್ದು ಒಣಗಲು ಕಣದಲ್ಲಿ ಹರಡಿರುತ್ತಾರೆ. ಕಾಫಿಯ ಬೆಲೆ ಏರಿದ ಈ ವರ್ಷಗಳಲ್ಲಿ ಕಣ ಕಾಯುವುದು ಮನೆಯ ಚಿನ್ನ ಕಾಯುವಷ್ಟೇ ಚಿಂತೆಯ ಕೆಲಸವಾಗಿದೆ. ಆದ್ದರಿಂದ ಅಕ್ಟೋಬರಿನಲ್ಲಿ ಒಂದು ಭೇಟಿ, ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಗೆ ಮೊದಲು ಇನ್ನೊಂದು, ನಡುವೆ ಕರೆದರೆ ಎರಡು ದಿನದೊಳಗೆ ಹಾಜರಿ. ನಾಲ್ಕು ಕ್ಯಾಮೆರಾ ಮತ್ತು ಒಂದು ಇಂಟರ್ನೆಟ್ ಸಂಪರ್ಕವಿರುವಲ್ಲಿಗೆ ವರ್ಷಕ್ಕೆ 6 ಸಾವಿರ, ಹೋಂಸ್ಟೇ ಇದ್ದರೆ 9 ಸಾವಿರದ ಆಸುಪಾಸು. ಹಣವನ್ನು ಕಾಫಿ ಮಾರಿದ ಮೇಲೆ ಕೊಟ್ಟರೆ ಸಾಕು. ಈ ಕೊನೆಯ ಮಾತಿಗೆ ನಮ್ಮವರು ಹೆಚ್ಚು ನಕ್ಕಿದ್ದರು, ಆದರೆ ಇದುವರೆಗೆ ಮುಳುಗಿದ ಬಾಕಿ ಎರಡೇ ಎರಡು.

ಜೇಡನ ವಿಷಯ ತಮಾಷೆಯದಲ್ಲ. ಕಣದ ಕ್ಯಾಮೆರಾದ ಮುಂದೆ ಒಂದೇ ಎಳೆ ತೂಗಿದರೂ ರಾತ್ರಿ ಇನ್‌ಫ್ರಾರೆಡ್ ಬೆಳಕು ಅದಕ್ಕೆ ತಾಗಿ ಚಿತ್ರವೆಲ್ಲ ಬೆಳ್ಳಗಾಗುತ್ತದೆ, ಗಾಳಿಗೆ ಅಲುಗಿದಾಗಲೆಲ್ಲ ಯಜಮಾನರ ಫೋನಿಗೆ ಎಚ್ಚರಿಕೆ ಹೋಗುತ್ತದೆ. ನಾಲ್ಕನೆಯ ರಾತ್ರಿ ಅವರು ಎಚ್ಚರಿಕೆಯನ್ನೇ ಆರಿಸಿ ಮಲಗುತ್ತಾರೆ. ಬಲೆ ಕಟ್ಟದಂತೆ ನಾನು ಹಚ್ಚುವುದು ಏನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದರ ಖರ್ಚು 40 ರೂಪಾಯಿ ಮೀರದು.

ಮೊದಲ ವರ್ಷವೇ ನನ್ನನ್ನು ಮುಗಿಸಿಬಿಡುವುದಿತ್ತು. 2022ರ ಏಪ್ರಿಲ್‌ನ ಒಂದು ಸಂಜೆ ಆಲ್ದೂರಿನ ಕಡೆ ಗುಡುಗು ಮಳೆ ಬಂತು. ಮರುದಿನ ಬೆಳಿಗ್ಗೆ ಒಂಬತ್ತು ಗಂಟೆಯೊಳಗೆ ಏಳು ತೋಟಗಳಿಂದ ಕರೆ. ಬಂಗಲೆಯಿಂದ ಕಣದವರೆಗೆ ಎಳೆದಿದ್ದ ತಾಮ್ರದ ಲ್ಯಾನ್ ಕೇಬಲ್ ಸಿಡಿಲಿನ ಆಘಾತವನ್ನು ನೇರವಾಗಿ ಒಳಗೆ ತಂದು ಸ್ವಿಚ್, ಕ್ಯಾಮೆರಾದ ಚಿತ್ರ ದಾಖಲಿಸುವ ಎನ್‌ವಿಆರ್ ಪೆಟ್ಟಿಗೆ, ರೌಟರ್ ಎಲ್ಲವನ್ನೂ ಸುಟ್ಟಿತ್ತು. ಒಪ್ಪಂದದಲ್ಲಿ ಸಿಡಿಲಿನ ಮಾತನ್ನೇ ಬರೆದಿರಲಿಲ್ಲವಾದ್ದರಿಂದ ಒಂದು ಲಕ್ಷಕ್ಕಿಂತ ಹೆಚ್ಚು ಕೈಯಿಂದ ಹಾಕಿದೆ. ಆಮೇಲೆ ಎರಡು ಕಟ್ಟಡಗಳ ನಡುವೆ ತಾಮ್ರವೇ ಬೇಡವೆಂದು ಎಲ್ಲೆಡೆ ವಿದ್ಯುತ್ ಹರಿಯದ ಫೈಬರ್ ಎಳೆದು, ಎರಡೂ ತುದಿಗೆ ಅದರ ಬೆಳಕಿನ ಸಂಕೇತವನ್ನು ಲ್ಯಾನ್ ಕೇಬಲ್ಲಿಗೆ ಹೊಂದಿಸುವ ಮೀಡಿಯಾ ಕನ್ವರ್ಟರ್ ಇಟ್ಟೆ. ಕಳೆದ ಎರಡು ಬೇಸಿಗೆಗಳಲ್ಲಿ ಸುಟ್ಟದ್ದು ಒಂದು ಕ್ಯಾಮೆರಾ ಮತ್ತು ಎರಡು ಅಡಾಪ್ಟರ್.

ಫೈಬರ್ ದುಬಾರಿಯೆನಿಸಿದ ಒಂದೆಡೆ, ಕಣಿವೆಯ ಈ ಬದಿಯಿಂದ ಆ ಬದಿಗೆ 5 ಗಿಗಾಹರ್ಟ್ಸ್ ರೇಡಿಯೋ ಜೋಡಿಯನ್ನೂ ಪ್ರಯೋಗಿಸಿದೆ. ನೆರಳಿನ ಮರಗಳ ಕೊಂಬೆ ಸವರುವ ಮರಗಸಿ ಆದ ಹೊಸದರಲ್ಲಿ ಒಂದು ಕಿಲೋಮೀಟರಿಗೂ ವೇಗ ಚೆನ್ನಾಗಿ ಬರುತ್ತಿತ್ತು. ನಾನು ನಾಲ್ಕಾರು ಜನರಿಗೆ ಫೋನ್ ಮಾಡಿ ಹೇಳಿಕೊಂಡೂ ಬಿಟ್ಟೆ. ಚಿಗುರು ದಟ್ಟವಾಗಿ ಮಳೆಗಾಲ ಹಿಡಿಯುತ್ತಲೇ ಒದ್ದೆ ಎಲೆಗಳು ಸಂಕೇತವನ್ನು ನುಂಗಿದವು. ಕಂಬವನ್ನು ಹತ್ತು ಅಡಿ ಎತ್ತರಿಸಿದರೆ ಮರುವರ್ಷ ಸಿಲ್ವರ್ ಓಕೂ ಬೆಳೆಯಿತು. ಆ ರೇಡಿಯೋ ಜೋಡಿ ಈಗ ಅಂಗಡಿಯ ಅಟ್ಟದಲ್ಲಿದೆ.

ಲೆಕ್ಕ ಸ್ಥೂಲವಾಗಿ ಹೀಗಿದೆ: ಒಪ್ಪಂದಗಳಿಂದ ವರ್ಷಕ್ಕೆ 4 ಲಕ್ಷ ಚಿಲ್ಲರೆ ಬರುತ್ತದೆ, ಇಬ್ಬರು ಹುಡುಗರ ಸಂಬಳ, ಜೀಪಿನ ಡೀಸೆಲ್ ಅದರಲ್ಲೇ ಹೆಚ್ಚುಕಡಿಮೆ ಮುಗಿಯುತ್ತದೆ. ಉಳಿತಾಯವಿರುವುದು ಅದೇ ತೋಟಗಳು ನನ್ನನ್ನೇ ಕರೆದು ಕೊಳ್ಳುವ ಇನ್ವರ್ಟರ್, ರೌಟರ್, ಕಂಪ್ಯೂಟರುಗಳಲ್ಲಿ. ಅಲ್ಲಿ ನೂರಕ್ಕೆ 12ರಷ್ಟು ಸಿಗುತ್ತದೆ, ಆನ್‌ಲೈನ್ ಬೆಲೆ ತೋರಿಸಿ ಚೌಕಾಸಿ ಮಾಡುವವರಿಲ್ಲ.

ಈ ವರ್ಷದ ಮಟ್ಟಿಗೆ ನಾನು ಮೂರು ಸಂಗತಿಗಳನ್ನು ನಂಬಿ ನಡೆಯುತ್ತಿದ್ದೇನೆ. ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಜಿಗಿದಿರುವುದರಿಂದ ಫೋನು, ಲ್ಯಾಪ್‌ಟಾಪ್‌ಗಳು ಅಗ್ಗವಾಗುವ ಮಾತಿಲ್ಲ, ಆದರೂ ದಾಸ್ತಾನು ಹೊರುವ ಹಳೆಯ ಚಪಲಕ್ಕೆ ಬೀಳುವುದಿಲ್ಲ. 2025ರ ಏಪ್ರಿಲ್‌ನಿಂದ ಸಿಸಿಟಿವಿಗೆ ಸುರಕ್ಷತಾ ಪ್ರಮಾಣೀಕರಣ ಕಡ್ಡಾಯವಾದ ಮೇಲೆ ಹೆಸರಿಲ್ಲದ ಅಗ್ಗದ ಮಾಲು ಮುಟ್ಟುವುದನ್ನು ನಿಲ್ಲಿಸಿದ್ದೇನೆ, ನನ್ನ ದರಪಟ್ಟಿಯೂ ಅಷ್ಟರಮಟ್ಟಿಗೆ ಏರಿದೆ. ವಿಂಡೋಸ್ 10ರ ಉಚಿತ ಬೆಂಬಲ ಆ ವರ್ಷದ ಅಕ್ಟೋಬರ್ 14ಕ್ಕೆ ಮುಗಿದಿದ್ದು, ನನ್ನ ತೋಟದ ಕಚೇರಿಗಳಲ್ಲಿ ಹಳೆಯ ಯಂತ್ರಗಳು ಇನ್ನೂ ಇಪ್ಪತ್ತಾದರೂ ಇವೆ. ಕಾಫಿಯ ಹಣ ಬಂದ ಮೇಲೆ ಅವನ್ನು ಒಂದೊಂದಾಗಿ ಬದಲಿಸಬೇಕು.

ಹೋದ ತಿಂಗಳು, ಅಂದು ನಕ್ಕವರಲ್ಲೊಬ್ಬರು ಒಪ್ಪಂದದ ನಮೂನೆ ಕೇಳಿಕೊಂಡು ಅಂಗಡಿಗೆ ಬಂದಿದ್ದರು. ಚಹಾ ತರಿಸಿ, ಒಂದು ಪ್ರತಿ ಕೊಟ್ಟು ಕಳುಹಿಸಿದೆ. ಸಿಡಿಲಿನ ಷರತ್ತಿರುವ ಎರಡನೆಯ ಪುಟ ಮಾತ್ರ ನನ್ನ ಕಪಾಟಿನಲ್ಲೇ ಇದೆ.