ದುಬಾರಿ ವೈರ್‌ಲೆಸ್ ಗೇಮಿಂಗ್ ಮೌಸ್: ಕೊಂಡ ಮೇಲೆ ಪರೀಕ್ಷಿಸುವುದು ಹೇಗೆ?

ಶಿವಮೊಗ್ಗದ ಯಾವುದೇ ಕಂಪ್ಯೂಟರ್ ಅಂಗಡಿಯಲ್ಲಿ ಉತ್ತಮ ದರ್ಜೆಯ ವೈರ್‌ಲೆಸ್ ಗೇಮಿಂಗ್ ಮೌಸ್ ಕೇಳಿದರೆ ಮೊದಲು ಎದುರಿಗೆ ಬರುವುದು ಸೀಲು ಹಾಕಿದ ಡಬ್ಬಿ ಮತ್ತು ಅದರ ಮೇಲಿನ ದೊಡ್ಡ ದೊಡ್ಡ ಅಂಕಿಗಳು: 30,000ಕ್ಕೂ ಮೀರಿದ ಡಿಪಿಐ (ಮೌಸ್ ಒಂದು ಇಂಚು ಸರಿದಾಗ ಎಣಿಸುವ ಹೆಜ್ಜೆಗಳು), 8,000 ಹರ್ಟ್ಸ್ ಪೋಲಿಂಗ್ (ಸೆಕೆಂಡಿಗೆ ಎಷ್ಟು ಸಲ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ ಎಂಬ ಲೆಕ್ಕ), 90ಕ್ಕೂ ಹೆಚ್ಚು ಗಂಟೆಗಳ ಬ್ಯಾಟರಿ. ಹತ್ತು ಸಾವಿರ ರೂಪಾಯಿಗೂ ಮೇಲ್ಪಟ್ಟ ವಸ್ತುವನ್ನು ಈ ಅಂಕಿಗಳನ್ನಷ್ಟೇ ನಂಬಿ ಕೊಳ್ಳುವುದೆಂದರೆ ತೇವ ನೋಡದೆ ಅಡಿಕೆಗೆ ದರ ಕಟ್ಟಿದಂತೆ. ಮೌಸಿನ ಯೋಗ್ಯತೆ ತಿಳಿಯುವುದು ಅದನ್ನು ಹಿಡಿಯುವ ಕೈಯಲ್ಲಿ, ಅದು ಓಡಾಡುವ ಮೇಜಿನ ಮೇಲೆ ಮತ್ತು ನಮ್ಮ ಕಡೆಯ ಮಟ್ಟಿಗೆ ಮಳೆಗಾಲದ ಥಂಡಿಯಲ್ಲಿ. ಆನ್‌ಲೈನಿನಲ್ಲಿ ತರಿಸಿದ್ದನ್ನು ಹಿಂದಿರುಗಿಸಲು ಸಾಮಾನ್ಯವಾಗಿ ಕೆಲವೇ ದಿನಗಳ ಗಡುವು ಇರುವುದರಿಂದ, ಡಬ್ಬಿ ಬಿಚ್ಚುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಂಡು, ಕೆಳಗಿನ ಪರೀಕ್ಷೆಗಳನ್ನು ಮೊದಲ ಎರಡು ಮೂರು ದಿನಗಳಲ್ಲೇ ಮುಗಿಸುವುದು ಒಳ್ಳೆಯದು.

ಮೊದಲು ಕೈಯಳತೆ

ಇದನ್ನು ಹಣ ಕೊಡುವ ಮೊದಲೇ ಮಾಡಬೇಕು. ಅಂಗೈಯನ್ನು ಮೇಜಿನ ಮೇಲೆ ಚಾಚಿ, ಮಧ್ಯದ ಬೆರಳಿನ ತುದಿಯಿಂದ ಮಣಿಕಟ್ಟಿನ ಗೆರೆಯವರೆಗೆ ಸ್ಕೇಲಿನಿಂದ ಅಳೆಯಿರಿ. ಬಳಿಕ ನೀವು ಮೌಸನ್ನು ಹೇಗೆ ಹಿಡಿಯುತ್ತೀರಿ ಎಂಬುದನ್ನು ಗಮನಿಸಿ. ಕೆಲವರು ಅಂಗೈಯನ್ನು ಪೂರ್ತಿಯಾಗಿ ಒರಗಿಸುತ್ತಾರೆ, ಕೆಲವರು ಬೆರಳುಗಳನ್ನು ಪಂಜದಂತೆ ಬಾಗಿಸುತ್ತಾರೆ, ಇನ್ನು ಕೆಲವರು ಬರೀ ಬೆರಳ ತುದಿಗಳಿಂದ ಆಡಿಸುತ್ತಾರೆ. ಲಾಜಿಟೆಕ್ ಕಂಪನಿಯ ಜಿ ಪ್ರೊ ಎಕ್ಸ್ ಸೂಪರ್‌ಲೈಟ್ 125 ಮಿ.ಮೀ. ಉದ್ದ, 63.5 ಮಿ.ಮೀ. ಅಗಲ ಮತ್ತು 40 ಮಿ.ಮೀ. ಎತ್ತರವಿದ್ದರೆ, ರೇಜರ್ ಕಂಪನಿಯ ಡೆತ್‌ಆ್ಯಡರ್ ವಿ3 ಪ್ರೊ 128 ಮಿ.ಮೀ. ಉದ್ದ, 68 ಮಿ.ಮೀ. ಅಗಲ, 44 ಮಿ.ಮೀ. ಎತ್ತರವಿದ್ದು ಬಲಗೈಯವರಿಗೆಂದೇ ಓರೆಯಾಗಿ ರೂಪುಗೊಂಡಿದೆ. ಕಾಗದದ ಮೇಲೆ ಎತ್ತರದಲ್ಲಿನ ನಾಲ್ಕು ಮಿಲಿಮೀಟರಿನ ಈ ವ್ಯತ್ಯಾಸ ಅಲ್ಪವೆನಿಸಿದರೂ ಅಂಗೈ ಒರಗಿಸುವವರಿಗೆ ಅದು ಮೊದಲ ಹತ್ತು ನಿಮಿಷದಲ್ಲೇ ತಿಳಿಯುತ್ತದೆ. ಅಂಗಡಿಯವರು ಡಬ್ಬಿ ಬಿಚ್ಚಲು ಒಪ್ಪದಿದ್ದರೆ, ಅದೇ ಮಾದರಿ ಇರುವ ಪರಿಚಿತರ ಮನೆಗೆ ಹೋಗಿ ಅರ್ಧ ಗಂಟೆ ಹಿಡಿದು ನೋಡಿ ಬರುವುದಕ್ಕಿಂತ ಉತ್ತಮ ಉಪಾಯವನ್ನು ನಾನು ಕಂಡಿಲ್ಲ. ಆಕಾರ ಹೊಂದದ ಮೌಸನ್ನು ಉಳಿದ ಯಾವ ಗುಣವೂ ಕಾಪಾಡುವುದಿಲ್ಲ.

ತೂಕ ಮತ್ತು ಕವಚ

2020ರಲ್ಲಿ ಬಂದ ಮೊದಲ ಸೂಪರ್‌ಲೈಟ್ 63 ಗ್ರಾಂಗಿಂತ ಕಡಿಮೆಯಿತ್ತು. 2023ರ ಎರಡನೇ ಆವೃತ್ತಿ 60 ಗ್ರಾಂ. 2024ರ ರೇಜರ್ ವೈಪರ್ ವಿ3 ಪ್ರೊ 54 ಗ್ರಾಂ. ಹಳೆಯ ವೈರ್‌ಲೆಸ್ ಮೌಸಿನೊಳಗೆ ಹಾಕುತ್ತಿದ್ದ ಒಂದು ಎಎ ಸೆಲ್ಲೇ ಸುಮಾರು 23 ಗ್ರಾಂ ತೂಗುತ್ತದೆ ಎಂಬುದನ್ನು ನೆನೆದರೆ ಈ ಅಂಕಿಗಳ ಅರ್ಥ ತಿಳಿದೀತು. (1964ರಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಅವರ ತಂಡ ರೂಪಿಸಿದ ಮೊದಲ ಮೌಸ್ ಮರದ ತುಂಡಿನೊಳಗೆ ಎರಡು ಚಕ್ರ ಕೂರಿಸಿದ್ದಾಗಿತ್ತು, ನಮ್ಮ ಸಾಗರದ ಗುಡಿಗಾರರ ಕೈಗೆ ಸಿಕ್ಕಿದ್ದರೆ ಇನ್ನಷ್ಟು ನಯವಾಗಿರುತ್ತಿತ್ತು.) ಏಲಕ್ಕಿ, ಕಾಳುಮೆಣಸು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಮನೆಯಲ್ಲಿದ್ದರೆ ಮೌಸನ್ನು ಅದರ ಮೇಲಿಟ್ಟು ಡಬ್ಬಿಯ ಮೇಲಿನ ಅಂಕಿಯೊಡನೆ ಹೋಲಿಸಿ. ಒಂದೆರಡು ಗ್ರಾಂ ಹೆಚ್ಚು ಕಡಿಮೆಯಾದರೆ ಚಿಂತಿಸಬೇಕಿಲ್ಲ. ಅದಕ್ಕಿಂತ ಮುಖ್ಯವಾದುದು ಸಮತೋಲ: ಎರಡು ಬದಿಯನ್ನು, ಅಡಿಯಲ್ಲಿ ಸೆನ್ಸರ್ (ಚಲನೆಯನ್ನು ಗುರುತಿಸುವ ಭಾಗ) ಇರುವ ಜಾಗದಲ್ಲಿ ಎರಡೇ ಬೆರಳಿನಿಂದ ಹಿಡಿದು ಎತ್ತಿದಾಗ ಮೌಸಿನ ಮೂತಿ ಅಥವಾ ಹಿಂಭಾಗ ಥಟ್ಟನೆ ಕೆಳಕ್ಕೆ ವಾಲಬಾರದು. ಬಳಿಕ ಬದಿಗಳನ್ನು ಹದವಾಗಿ ಅದುಮಿ. ಕರಕರ ಸದ್ದು ಬಂದರೆ, ಅಲುಗಿಸಿದಾಗ ಒಳಗೇನೋ ಗಲಗಲ ಎಂದರೆ, ಬೇರೆ ಪರೀಕ್ಷೆಗೆ ಹೋಗದೆ ಹಿಂದಿರುಗಿಸಿ.

ಡಾಂಗಲ್ ಎಲ್ಲಿ ಚುಚ್ಚಬೇಕು?

ಬ್ಲೂಟೂತ್ ಸೌಲಭ್ಯವಿದ್ದರೂ ಆಟಕ್ಕೆ ಅದನ್ನು ಬಳಸಬಾರದು. ಜೊತೆಗೆ ಬರುವ 2.4 ಗಿಗಾಹರ್ಟ್ಸ್ ಡಾಂಗಲನ್ನೇ, ಅಂದರೆ ಯುಎಸ್‌ಬಿ ಕಿಂಡಿಗೆ ಚುಚ್ಚುವ ಪುಟ್ಟ ರಿಸೀವರನ್ನೇ ಬಳಸಬೇಕು. ಅದನ್ನು ಕಂಪ್ಯೂಟರಿನ ಹಿಂಬದಿಗೆ ಚುಚ್ಚಿ ಮರೆತುಬಿಡುವುದು ಬಹುತೇಕರು ಮಾಡುವ ತಪ್ಪು. ಯುಎಸ್‌ಬಿ 3.0 ಪೋರ್ಟುಗಳು ಮತ್ತು ಅವುಗಳಿಗೆ ಸಿಕ್ಕಿಸಿದ ಹಾರ್ಡ್ ಡಿಸ್ಕುಗಳು ಇದೇ ತರಂಗಪಟ್ಟಿಯಲ್ಲಿ ಗದ್ದಲ ಹುಟ್ಟಿಸುತ್ತವೆ ಎಂಬುದನ್ನು ಇಂಟೆಲ್ ಕಂಪನಿಯೇ 2012ರಲ್ಲಿ ದಾಖಲಿಸಿದೆ. ಡಬ್ಬಿಯಲ್ಲಿರುವ ಎಕ್ಸ್‌ಟೆನ್ಷನ್ ಕೇಬಲ್ ಬಳಸಿ ಡಾಂಗಲನ್ನು ಮೌಸಿನಿಂದ ಒಂದು ಗೇಣು ದೂರಕ್ಕೆ ತನ್ನಿ. ಮನೆಯ ವೈಫೈ ರೂಟರ್ ಅದೇ ಮೇಜಿನ ಮೇಲಿದ್ದರೆ ಅದನ್ನು ದೂರ ಸರಿಸಿ, ಇಲ್ಲವೇ ಕಂಪ್ಯೂಟರನ್ನು 5 ಗಿಗಾಹರ್ಟ್ಸ್ ಪಟ್ಟಿಗೆ ಬದಲಿಸಿ. ಇಷ್ಟು ಮಾಡಿದ ಮೇಲೂ ಬಾಣದ ಗುರುತು ನಡುನಡುವೆ ತಡವರಿಸಿದರೆ ಮಾತ್ರ ಮೌಸನ್ನು ದೂರಬಹುದು.

ಸೆನ್ಸರಿನ ಮೂರು ಪರೀಕ್ಷೆಗಳು

ಆಪ್ಟಿಕಲ್ ಸೆನ್ಸರ್ ಎಂದರೆ ಒಂದು ಪುಟ್ಟ ಕ್ಯಾಮೆರಾ. ಕೆಳಗಿನ ಮೇಲ್ಮೈಯ ಚಿತ್ರಗಳನ್ನು ಅದು ಪ್ರತಿ ಸೆಕೆಂಡಿಗೆ ಸಾವಿರಾರು ಸಲ ತೆಗೆದು, ಒಂದರೊಡನೆ ಇನ್ನೊಂದನ್ನು ಹೋಲಿಸಿ, ಮೌಸ್ ಎತ್ತ ಎಷ್ಟು ಸರಿಯಿತೆಂದು ಲೆಕ್ಕ ಹಾಕುತ್ತದೆ. ಹೋಲಿಕೆಗೆ ಸಣ್ಣ ಸಣ್ಣ ಗುರುತುಗಳು ಬೇಕು. ಆದ್ದರಿಂದ ಹಳೆಯ ಮನೆಗಳ ಕೆಂಪು ರೆಡ್ ಆಕ್ಸೈಡ್ ನೆಲದಂತಹ, ಕನ್ನಡಿಯಂತೆ ಹೊಳೆಯುವ ಜಾಗದಲ್ಲಿ ಪರೀಕ್ಷೆ ಮಾಡಿ ಮೌಸ್ ಸರಿಯಿಲ್ಲ ಎನ್ನುವುದು ನ್ಯಾಯವಲ್ಲ. ಬಟ್ಟೆಯ ಪ್ಯಾಡ್ ಹಾಸಿಕೊಳ್ಳಿ.

ಒಂದನೆಯದು ಡಿಪಿಐ ಪರೀಕ್ಷೆ. ವಿಂಡೋಸ್‌ನ ಮೌಸ್ ಸೆಟ್ಟಿಂಗಿನಲ್ಲಿ ‘ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಷನ್’ ಎಂಬುದರ ಟಿಕ್ ಗುರುತನ್ನು ತೆಗೆದು, ವೇಗದ ಪಟ್ಟಿಯನ್ನು ನಡುವಿಗೆ ತಂದು, ಮೌಸಿನ ತಂತ್ರಾಂಶದಲ್ಲಿ 800 ಡಿಪಿಐ ಆರಿಸಿ. ಈಗ ಮೌಸನ್ನು ಒಂದು ಇಂಚು ಸರಿಸಿದರೆ ಬಾಣದ ಗುರುತು 800 ಪಿಕ್ಸೆಲ್ ಚಲಿಸಬೇಕು. 1920 ಪಿಕ್ಸೆಲ್ ಅಗಲದ ಪರದೆಯನ್ನು ಎಡತುದಿಯಿಂದ ಬಲತುದಿಗೆ ದಾಟಲು 2.4 ಇಂಚು, ಅಂದರೆ ಸುಮಾರು 6.1 ಸೆಂ.ಮೀ. ಬೇಕು. ಸ್ಕೇಲಿನ ಪಕ್ಕದಲ್ಲಿ ಐದು ಸಲ ಸರಿಸಿ ಅಳೆಯಿರಿ. ಪ್ರತಿ ಸಲವೂ 5.7 ಸೆಂ.ಮೀ.ನಲ್ಲೇ ದಾಟಿದರೆ ನಿಜವಾದ ಮೌಲ್ಯ 855ರ ಆಸುಪಾಸಿನಲ್ಲಿದೆ ಎಂದರ್ಥ. ಅದು ದೋಷವೇನಲ್ಲ, ಆಟದ ಸೆನ್ಸಿಟಿವಿಟಿಯಲ್ಲಿ ಸರಿಪಡಿಸಿಕೊಳ್ಳಬಹುದು. ಒಂದೊಂದು ಸಲ ಒಂದೊಂದು ಅಳತೆ ಬಂದರೆ ಮಾತ್ರ ಅನುಮಾನಿಸಬೇಕು.

ಎರಡನೆಯದು ವೇಗದ ಪರೀಕ್ಷೆ. ಪ್ಯಾಡಿನ ಎಡಬದಿಗೆ ದಪ್ಪ ಪುಸ್ತಕವೊಂದನ್ನು ಅಡ್ಡಗಟ್ಟಿ, ಮೌಸನ್ನು ಅದಕ್ಕೆ ತಾಗಿಸಿಟ್ಟು ಗುರುತಿನ ಸ್ಥಾನ ನೋಡಿಕೊಳ್ಳಿ. ಗುರುತು ಪರದೆಯ ಅಂಚಿಗೆ ಬಡಿಯದಂತೆ ಒಮ್ಮೆ ಬಲಕ್ಕೆ ರಭಸದಿಂದ ಎಳೆದು, ನಿಧಾನವಾಗಿ ಹಿಂದಕ್ಕೆ ತಂದು ಪುಸ್ತಕಕ್ಕೆ ತಾಗಿಸಿ. ಗುರುತು ಹೊರಟ ಜಾಗಕ್ಕೇ ಬರಬೇಕು. ಮೌಸ್ ಓರೆಯಾಗಿ ತಿರುಗದಂತೆ ಕೆಳಗಡೆ ಒಂದು ಸ್ಕೇಲ್ ಇಟ್ಟುಕೊಂಡರೆ ಲೆಕ್ಕ ಸರಿಯಾಗುತ್ತದೆ.

ಮೂರನೆಯದು, ಮೌಸನ್ನು ಎಷ್ಟು ಎತ್ತಿದಾಗ ಸೆನ್ಸರ್ ಕೆಲಸ ನಿಲ್ಲಿಸುತ್ತದೆ ಎಂಬುದು. ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ. ಅವಧಿ ಮುಗಿದ ಕಾರ್ಡುಗಳನ್ನು ಸೆನ್ಸರಿನ ಕಿಂಡಿ ಮುಚ್ಚದಂತೆ ಹಿಂದೆ ಮುಂದೆ ಪಾದಗಳ (ಮೌಸಿನ ತಳದ ಜಾರುವ ಪಟ್ಟಿಗಳ) ಅಡಿಗೆ ಇಟ್ಟು ಸರಿಸಿ ನೋಡಿ. ತಂತ್ರಾಂಶದಲ್ಲಿ 1 ಮಿ.ಮೀ. ಎಂದು ಆರಿಸಿದ್ದರೆ ಎರಡು ಕಾರ್ಡುಗಳ ಎತ್ತರದಲ್ಲಿ ಗುರುತು ಅಲುಗಬಾರದು.

ಪೋಲಿಂಗ್ ದರದ ವಿಷಯವನ್ನು ಬೇಗ ಮುಗಿಸಬಹುದು. 1,000 ಹರ್ಟ್ಸ್ ಎಂದರೆ ಮಿಲಿಸೆಕೆಂಡಿಗೆ ಒಂದು ಸುದ್ದಿ, 8,000 ಹರ್ಟ್ಸ್ ಎಂದರೆ 0.125 ಮಿಲಿಸೆಕೆಂಡಿಗೆ ಒಂದು. 60 ಹರ್ಟ್ಸ್ ಮಾನಿಟರ್ ಹೊಸ ಚಿತ್ರ ತೋರಿಸುವುದೇ 16.7 ಮಿಲಿಸೆಕೆಂಡಿಗೊಮ್ಮೆ. ತೀರ್ಥಹಳ್ಳಿಯ ಆಚೆಯ ಹಳ್ಳಿಮನೆಯಿಂದ ಮುಂಬೈನ ಸರ್ವರಿಗೆ ಸಂದೇಶ ಹೋಗಿ ಬರಲು ಹತ್ತಾರು ಮಿಲಿಸೆಕೆಂಡು ಹಿಡಿಯುವಾಗ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಉಳಿಸಲು ಬ್ಯಾಟರಿಯನ್ನು ಹಲವು ಪಟ್ಟು ವೇಗವಾಗಿ ಖಾಲಿ ಮಾಡುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ.

ಗುಂಡಿಗಳು ಮತ್ತು ಮಳೆಗಾಲ

ಮಲೆನಾಡಿನವರು ಅತಿ ಹೆಚ್ಚು ಗಮನ ಕೊಡಬೇಕಾದ ಭಾಗ ಇದು. ಮೆಕ್ಯಾನಿಕಲ್ ಸ್ವಿಚ್ಚಿನಲ್ಲಿ ಲೋಹದ ಪುಟ್ಟ ಪಟ್ಟಿಯೊಂದು ಇನ್ನೊಂದಕ್ಕೆ ತಾಗಿ ವಿದ್ಯುತ್ ಹರಿಯುತ್ತದೆ. ತಾಗುವಾಗ ಅದು ಕ್ಷಣಕಾಲ ಅದುರುವುದರಿಂದ ಆ ಅದುರನ್ನು ಎರಡನೇ ಒತ್ತು ಎಂದು ತಿಳಿಯದಂತೆ ಮೌಸ್ ಸ್ವಲ್ಪ ಕಾಯುತ್ತದೆ. ಥಂಡಿ ಮತ್ತು ಸವೆತದಿಂದ ಲೋಹದ ಮೇಲೆ ಪದರ ಕಟ್ಟಿದಾಗ ಅದುರು ಹೆಚ್ಚಿ, ಒಮ್ಮೆ ಒತ್ತಿದರೆ ಎರಡು ಕ್ಲಿಕ್ ಆಗತೊಡಗುತ್ತದೆ. ಹೊಸನಗರದ ಬಳಿಯ ನಮ್ಮ ಮನೆಯಲ್ಲಿ ಹಿಂದಿನ ಮೌಸ್ ಎರಡನೇ ಮಳೆಗಾಲದ ಆರಿದ್ರಾ ಮಳೆ ಹೊತ್ತಿಗೆ ಈ ರೋಗಕ್ಕೆ ತುತ್ತಾಯಿತು. ಒಂದು ವಾರ ನಾನು ನನ್ನ ಬೆರಳನ್ನೇ ಅನುಮಾನಿಸಿದ್ದೆ. ಬೆಳಕಿನ ಕಿರಣದಿಂದ ಒತ್ತನ್ನು ಗುರುತಿಸುವ ಆಪ್ಟಿಕಲ್ ಸ್ವಿಚ್ಚುಗಳಲ್ಲಿ ಈ ತೊಂದರೆ ಹುಟ್ಟುವುದಿಲ್ಲ. ರೇಜರ್‌ನ ದುಬಾರಿ ಮಾದರಿಗಳಲ್ಲಿ ಇಂತಹವು ಇವೆ. ಸೂಪರ್‌ಲೈಟ್ 2ರಲ್ಲಿ ಎರಡೂ ಬಗೆಯನ್ನು ಬೆರೆಸಿದ ಸ್ವಿಚ್ಚಿದೆ. ವರ್ಷದ ನಾಲ್ಕು ತಿಂಗಳು ಬಟ್ಟೆಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುವ ಊರಿನಲ್ಲಿರುವವರು ಐದು ಗ್ರಾಂ ಹಗುರವನ್ನು ಬಿಟ್ಟುಕೊಟ್ಟಾದರೂ ಆಪ್ಟಿಕಲ್ ಸ್ವಿಚ್ಚನ್ನು ಆರಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಪರೀಕ್ಷೆ ಸುಲಭ. ಫೋಲ್ಡರೊಂದರ ಮೇಲೆ, ಒಂದೊಂದು ಒತ್ತಿನ ನಡುವೆ ಎರಡು ಸೆಕೆಂಡು ಬಿಟ್ಟು, ನೂರು ಸಲ ಒತ್ತಿ. ಒಮ್ಮೆಯಾದರೂ ಫೋಲ್ಡರ್ ತೆರೆದುಕೊಂಡರೆ ಸ್ವಿಚ್ ದೋಷಯುಕ್ತ. ಬಳಿಕ ಕಡತವೊಂದನ್ನು ಒತ್ತಿ ಹಿಡಿದು ಪರದೆಯ ಉದ್ದಗಲಕ್ಕೂ ಅರ್ಧ ನಿಮಿಷ ಎಳೆದಾಡಿಸಿ. ನಡುವೆ ಕೈಬಿಟ್ಟು ಬೀಳಬಾರದು. ಚಕ್ರವನ್ನು ನಿಧಾನವಾಗಿ ಕೆಳಮುಖವಾಗಿ ತಿರುಗಿಸುವಾಗ ಪುಟ ಒಮ್ಮೆಯೂ ಮೇಲಕ್ಕೆ ಜಿಗಿಯಬಾರದು. ಅಡಿಕೆ ಸುಲಿದ ಕೈಯ ಚೊಗರು ಬಿಳಿ ಮೌಸಿಗೆ ಅಂಟಿದರೆ ಹೋಗುವುದಿಲ್ಲವೆಂಬುದನ್ನು ಬಣ್ಣ ಆರಿಸುವ ಮೊದಲು ನೆನೆಯಿರಿ.

ಬ್ಯಾಟರಿ, ಪಾದ, ಪ್ಯಾಡ್

95 ಗಂಟೆ ಎಂದು ಹೇಳಿಕೊಳ್ಳುವ ಮೌಸ್ 1,000 ಹರ್ಟ್ಸ್‌ನಲ್ಲಿ ಹತ್ತು ಗಂಟೆ ಬಳಸಿದರೆ ಶೇಕಡಾ ಹತ್ತು ಹನ್ನೊಂದರಷ್ಟು ಇಳಿಯಬೇಕು. ತಂತ್ರಾಂಶ ತೋರಿಸುವ ಪ್ರಮಾಣ ಒಂದೇ ದಿನದಲ್ಲಿ ನಂಬಲರ್ಹವಲ್ಲವಾದ್ದರಿಂದ ಮೂರು ದಿನ ರಾತ್ರಿ ಬರೆದಿಟ್ಟುಕೊಳ್ಳಿ. ಕೇಬಲ್ ಚುಚ್ಚಿದಾಗಲೂ ಮೌಸ್ ಕೆಲಸ ಮಾಡುತ್ತದೆಯೇ, ಮೆದು ಕೇಬಲ್ಲೋ ಬಿರುಸು ಕೇಬಲ್ಲೋ ಎಂಬುದನ್ನೂ ನೋಡಿ. ಗಾಳಿಮಳೆಗೆ ಎರಡು ದಿನ ಕರೆಂಟ್ ಹೋಗಿ ಇನ್ವರ್ಟರ್ ಕೂಡ ಸೋತ ಮೇಲೆ ಲ್ಯಾಪ್‌ಟಾಪಿನಿಂದ ಮೌಸಿಗೆ ಜೀವ ತುಂಬಬೇಕಾಗುತ್ತದೆ.

ಕೊನೆಗೆ ಮೌಸನ್ನು ತಿರುಗಿಸಿ ಅಡಿಯ ಬಿಳಿ ಪಾದಗಳನ್ನು ನೋಡಿ. ಪಿಟಿಎಫ್‌ಇ ಎಂಬ ಜಾರುವ ವಸ್ತುವಿನ ಈ ಪಾದಗಳ ಅಂಚು ಮೊನಚಾಗಿರದೆ ದುಂಡಗಿರಬೇಕು. ಬೇಸಿಗೆಯಲ್ಲಿ ಬೆಣ್ಣೆಯಂತೆ ಜಾರುತ್ತಿದ್ದ ಮೌಸ್ ಜುಲೈನಲ್ಲಿ ಅಂಟಿಕೊಂಡಂತೆ ಎಳೆದರೆ ತಪ್ಪು ಪಾದದ್ದಲ್ಲ. ಬಟ್ಟೆಯ ಪ್ಯಾಡ್ ಗಾಳಿಯ ತೇವವನ್ನು ಹೀರಿಕೊಂಡಿರುತ್ತದೆ. ಮಳೆಗಾಲಕ್ಕೆಂದು ಗಟ್ಟಿ ಮೇಲ್ಮೈಯ ಪ್ಯಾಡೊಂದನ್ನು ಬೇರೆಯೇ ಇಟ್ಟುಕೊಳ್ಳಬಹುದು. ಆಟ ಮುಗಿದ ಮೇಲೆ ಮೌಸನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಒಣಗಲೆಂದು ಒಲೆಯ ಮೇಲಿನ ಅಟ್ಟಕ್ಕೆ ಏರಿಸಬೇಡಿ, ಒಳಗಿರುವ ಲಿಥಿಯಂ ಬ್ಯಾಟರಿಗೆ ಆ ಕಾವು ಆಗಿಬರುವುದಿಲ್ಲ.